ಹದಿನೆಂಟು ನಿಮಿಷ ಕತ್ತಲು

“ಕಾಣ್ತೀನಾ ನಾನು?” ಎಂದು ತಾತ ಕೇಳಿದ.

“ಇಲ್ಲ, ಕಾಣಾಕಿಲ್ಲ,” ಎಂದಳು ಅಜ್ಜಿ.

ಪ್ರಿಯಾಂಕ ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದಳು. ಟಿವಿ ಕಪ್ಪಗೇ ಇತ್ತು. ಕೆಳಗೊಂದು ಬೂದು ಪಟ್ಟಿ. ಈ ವಿಡಿಯೊ ತೋರಿಸಲು ಆಗುವುದಿಲ್ಲ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ದನಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಟಿವಿಯ ಹಿಂದೆ ಯಾರೋ ಕೂತು ಮಾತಾಡಿದ ಹಾಗೆ.

“ನಮ್ ಕಾಲ್ದಾಗೆ ಬಸ್ಸೆಲ್ಲಿ ಬಂತು? ಇಸ್ಕೂಲ್ಗೆ ನಡ್ಕಂಡೇ ಓಗದು...” ತಾತ ಹೇಳುತ್ತಲೇ ಇದ್ದ.

ತಾತ ತೀರಿಕೊಂಡು ಏಳು ತಿಂಗಳಾಗಿತ್ತು.

“ಎಲ್ಲವ್ರೆ ಮಗ? ಮಾತು ಇಲ್ಲೇ ಅದೆ. ಮೊಕ ಎಲ್ಲೋಯ್ತು?” ಅಜ್ಜಿ ಟಿವಿಯ ಗಾಜನ್ನು ಸೆರಗಿನಿಂದ ಒರೆಸಿದಳು.

ಆ ವಿಡಿಯೊ ಮಾಡಿದ್ದು ಪ್ರಿಯಾಂಕಳೇ. ನಾಲ್ಕನೇ ಕ್ಲಾಸಿನಲ್ಲಿದ್ದಾಗ, ‘ಮನೆಯ ಹಿರಿಯರನ್ನು ಮಾತಾಡಿಸಿ’ ಅಂತ ಮಿಸ್ ಪ್ರಾಜೆಕ್ಟ್ ಕೊಟ್ಟಿದ್ದರು. ಅಪ್ಪನ ಫೋನಿನಲ್ಲಿ ತೆಗೆದಿದ್ದಳು. ಆಮೇಲೆ ಫೋನು ತುಂಬಿಹೋಯಿತು ಅಂತ ಅಪ್ಪ ಅದನ್ನು ತನ್ನ ಹಾಡಿನ ಪೆನ್‌ಡ್ರೈವ್‌ಗೆ ಹಾಕಿ, ಫೋನಿನಿಂದ ಅಳಿಸಿಬಿಟ್ಟಿದ್ದ. ಈಗ ಮಾತಾಡುವ ತಾತ ಇದ್ದದ್ದು ಆ ಒಂದು ಪೆನ್‌ಡ್ರೈವ್‌ನಲ್ಲಿ ಮಾತ್ರ.

ಅಜ್ಜಿ ಅದನ್ನು ಒಂದು ಸಲವೂ ನೋಡಿರಲಿಲ್ಲ. ಅವಳ ಕಣ್ಣಿಗೆ ಪೊರೆ ಬಂದಿತ್ತು. “ಅಂಗೈ ಅಗಲದ ಫೋನಾಗೆ ನಂಗೇನ್ ಕಂಡಾತು?” ಎನ್ನುತ್ತಿದ್ದಳು. ಅದಕ್ಕೇ ಪ್ರಿಯಾಂಕ ಟಿವಿಗೆ ಹಾಕಿದ್ದು.

“...ಸಾಕಾ ಮಗ? ಮುಗೀತಾ?” ಎಂದು ತಾತ ಕೇಳುವುದಕ್ಕೂ, ಕೆಲಸ ಮುಗಿಸಿ ಬಂದ ಅಪ್ಪ ಬಾಗಿಲಲ್ಲಿ ಕಾಲಿಡುವುದಕ್ಕೂ ಸರಿಹೋಯಿತು. ಅಪ್ಪ ನಿಂತಲ್ಲೇ ನಿಂತ. ಒಂದು ಕಾಲಿನಲ್ಲಿ ಚಪ್ಪಲಿ ಇನ್ನೂ ಇತ್ತು. ಹಾಗೇ ಒಳಗೆ ಬಂದು ಗೋಡೆಯ ಸ್ವಿಚ್ಚು ಆರಿಸಿದ.

“ಏನಮ್ಮಿ ಇದು! ಮನೆ ತುಂಬ ಸತ್ತೋರ ದನಿ ಹಾಕ್ಕೊಂಡು ಕುಂತಿದ್ದೀಯ?” ಎಂದು ಮಗಳ ಮೇಲೆ ರೇಗಿದ.

“ನಿಮ್ಮಪ್ಪನ್ ದನಿ ಕಣ್ಲಾ ಕೆಂಪರಾಜು. ದೆವ್ವದ್ದಲ್ಲ,” ಎಂದಳು ಅಜ್ಜಿ.

ಅಪ್ಪ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಬಚ್ಚಲಿಗೆ ಹೋದ.

ಭಾನುವಾರ ಪಕ್ಷದ ಹಬ್ಬ. ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಹಬ್ಬ. ಈ ವರ್ಷ ತಾತನಿಗೆ ಮೊದಲ ಎಡೆ. ಫೋಟೋ ಬೇಕಲ್ಲ ಅಂತ ಅಪ್ಪ ತಾತನ ವೋಟರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ತಂದಿದ್ದ.

ಅಜ್ಜಿ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. “ಯಾರೋ ಕಳ್ಳುನ್ನ ಇಡ್ಕಬಂದು ನಿಲ್ಸವ್ರೆ ಅನ್ನಂಗದೆ. ಇವ್ರು ಅವ್ರಲ್ಲ. ಮಗ, ಅಬ್ಬದ ದಿನ ಒಂದ್ಸಲ, ಒಂದೇ ಒಂದ್ಸಲ ಅವ್ರ ಮೊಕ ತೋರ್ಸು. ನನ್ ಕಣ್ಣು ಪೂರ್ತಿ ಓಗಕ್ ಮುಂಚೆ.”

“ತೋರಿಸ್ತೀನಿ ಕಣಜ್ಜಿ. ಪ್ರಾಮಿಸ್,” ಎಂದಳು ಪ್ರಿಯಾಂಕ.

ಶನಿವಾರ ಸ್ಕೂಲು ಬಿಟ್ಟ ಮೇಲೆ ಊಟ ಮುಗಿಸಿ, ಚಿಕ್ಕರಸಿನಕೆರೆಯ ಬಸ್‌ಸ್ಟಾಪಿನ ಪಕ್ಕದ ಮೊಬೈಲ್ ಅಂಗಡಿಗೆ ಹೋದಳು. ಅಂಗಡಿಯ ಸ್ವಾಮಿ ಪೆನ್‌ಡ್ರೈವನ್ನು ಕಂಪ್ಯೂಟರ್‌ಗೆ ಚುಚ್ಚಿದ. ತಾತನ ಮುಖ ತಟ್ಟನೆ ಬಂತು. ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಸ್ವಾಮಿ ಗಣಪತಿ ಪೆಂಡಾಲಿಗೆ ಕೊಟ್ಟಿದ್ದ ಸ್ಪೀಕರು ಇನ್ನೂ ವಾಪಸ್ ಬಂದಿರಲಿಲ್ಲ.

ಮನೆಯಲ್ಲಿ ಮುಖವಿಲ್ಲದ ದನಿ. ಇಲ್ಲಿ ದನಿಯಿಲ್ಲದ ಮುಖ.

“ಫೈಲು ಸರಿಯಾಗೇ ಅದೆ,” ಎಂದ ಸ್ವಾಮಿ. “ನಿಮ್ ಟಿವಿಗೆ ವಯಸ್ಸಾಗದೆ ಅಷ್ಟೆ. ಹೊಸ ಫೋನು ವಿಡಿಯೊನ ಒತ್ತಿ ಒತ್ತಿ ಸಣ್ಣಕ್ಕೆ ಮಡಿಸಿ ಇಡ್ತದೆ. ಆ ಮಡಿಕೆ ಬಿಚ್ಚಕ್ಕೆ ಹಳೇ ಟಿವಿಗೆ ಬರಲ್ಲ. ಸೌಂಡ್ ಒಂದು ಬಿಚ್ಕೊತದೆ. ನಾನು ಹಳೇ ತರ ಮಡಿಸ್ಕೊಡ್ತೀನಿ ಇರು.”

ಅವನು ಮೌಸ್ ಎಳೆದ. ತಾತ ನಕ್ಕ, ಕೈ ಆಡಿಸಿದ, ಏನೋ ಕೇಳಿದ. ಆಮೇಲೆ ಸ್ಕ್ರೀನು ಒಮ್ಮೆಲೇ ಕಪ್ಪಾಯಿತು. ಸ್ವಾಮಿ ಇನ್ನೂ ಎಳೆದ. ಕಪ್ಪು. ಇನ್ನೂ ಎಳೆದ. ಕಪ್ಪು.

“ಇದೇನಮ್ಮಿ? ಮೂರು ನಿಮಿಷ ತಾತ, ಆಮೇಲೆ ಹದಿನೆಂಟು ನಿಮಿಷ ಬರೀ ಕತ್ತಲು!”

ಪ್ರಿಯಾಂಕ ನಾಲಿಗೆ ಕಚ್ಚಿಕೊಂಡಳು. ಅವತ್ತು ಹೊರಗೆ ಗೆಳತಿಯರು ಕೂಗಿದ್ದರು. ಫೋನನ್ನು ಕ್ಯಾಮೆರಾ ಅಡಿಯಾಗಿ ಮಂಚದ ಮೇಲೆ ಹಾಗೇ ಇಟ್ಟು ಲಗೋರಿಗೆ ಓಡಿದ್ದಳು. ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತಿದ್ದಳು.

“ಈ ಕಂಪ್ಯೂಟರು ನಮ್ಮಜ್ಜಿಗಿಂತ ನಿಧಾನ. ಪೂರ್ತಿ ಮಾಡಕ್ಕೆ ಒಂದೂವರೆ ಗಂಟೆ ಬೇಕು. ನಾಲ್ಕಕ್ಕೆ ಕರೆಂಟು ತೆಗೀತಾರೆ. ಕತ್ತಲು ಕಟ್ಕೊಂಡು ಏನ್ಮಾಡ್ತೀಯ? ಕತ್ತರಿಸಿ, ತಾತನ್ನ ಮಾತ್ರ ಇಡ್ತೀನಿ.”

ಪ್ರಿಯಾಂಕ ಹೂಂ ಎಂದಳು. ಹತ್ತಿರ ಹತ್ತಿರ ಕಾಲು ಗಂಟೆಗೆ ಮೂರು ನಿಮಿಷದ ಚಿಕ್ಕ ಫೈಲು ಪೆನ್‌ಡ್ರೈವ್‌ನಲ್ಲಿ ಕೂತಿತು.

“ದೊಡ್ಡದನ್ನ ಅಳಿಸ್ಬುಡ್ಲಾ? ನಿಮ್ಮಪ್ಪನ ಹಾಡುಗಳೇ ತುಂಬ್ಕೊಂಡವೆ. ಇದರಲ್ಲಿ ಇನ್ನು ಜಾಗಿಲ್ಲ.”

ಪ್ರಿಯಾಂಕ ತಲೆ ಆಡಿಸುವುದರಲ್ಲಿದ್ದಳು. ಟಪ್ ಎಂದು ಫ್ಯಾನು ನಿಂತಿತು. ಕಂಪ್ಯೂಟರು ಆರಿತು. ಕಪ್ಪು ಗಾಜಿನೊಳಗಿಂದ ಅವಳ ಮುಖವೇ ಅವಳನ್ನು ನೋಡಿತು.

“ಥೂ, ನಾಲ್ಕಕ್ಕೆ ಅಂದೋರು ಮೂರೂವರೆಗೇ ತೆಗೆದ್ರಲ್ಲ!” ಸ್ವಾಮಿ ಪೆನ್‌ಡ್ರೈವ್ ಕಿತ್ತು ಕೈಗೆ ಕೊಟ್ಟ. “ಹಬ್ಬ ಮಾಡ್ಕೊಂಡು ಸೋಮವಾರ ತಕಂಬಾ. ಆ ಕತ್ತಲನ್ನ ಅಳಿಸಿಕೊಡ್ತೀನಿ.”

ಭಾನುವಾರ ಮಧ್ಯಾಹ್ನದಿಂದಲೂ ಕರೆಂಟಿರಲಿಲ್ಲ. ಆಕಾಶ ಮುಚ್ಚಿಕೊಂಡಿತ್ತು. ಐದು ಗಂಟೆಗೇ ಮನೆಯೊಳಗೆ ಮಬ್ಬು.

ಕರೆಂಟು ಬಂದ ಕೂಡಲೇ ತೋರಿಸಬೇಕು ಅಂತ ಪ್ರಿಯಾಂಕ ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿ, ಗೋಡೆಯ ಸ್ವಿಚ್ಚು ಹಾಕಿದಳು. ಅವರ ಟಿವಿಗೊಂದು ಅಭ್ಯಾಸವಿತ್ತು. ಕರೆಂಟು ಸಿಕ್ಕರೆ ಸಾಕು, ಹಿಂದಿನ ಸಲ ಪೆನ್‌ಡ್ರೈವ್‌ನಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದ ತಾನೇ ಶುರುಮಾಡುತ್ತಿತ್ತು. ಎಷ್ಟೋ ದಿನ ಬೆಳಗ್ಗೆ ಅಪ್ಪನ ಅರ್ಧ ಹಾಡಿನಿಂದಲೇ ಮನೆಗೆ ಎಚ್ಚರವಾಗುತ್ತಿತ್ತು.

“ಅಮ್ಮಿ, ಬಾ, ಎಲೆ ಹಾಸು,” ಎಂದು ಅಮ್ಮ ಕೂಗಿದಳು. ಪ್ರಿಯಾಂಕ ಸ್ವಿಚ್ಚನ್ನು ಮರೆತು ಓಡಿದಳು.

ನಡುಮನೆಯಲ್ಲಿ ಫೋಟೋ ಇಟ್ಟರು. ಮುಂದೆ ಬಾಳೆಲೆ, ಎಲೆ ತುಂಬ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಅಜ್ಜಿ ಲೋಟದಲ್ಲಿ ನೀರಿಟ್ಟಳು. ಎಲ್ಲರೂ ಧೂಪ ಹಾಕಿ ಕೈ ಮುಗಿದರು.

“ಈಗ ಎಲ್ರೂ ಈಚೆಗ್ ಬನ್ನಿ,” ಎಂದಳು ಅಜ್ಜಿ.

ಅದು ಪದ್ಧತಿ. ಬಾಗಿಲು ಮುಚ್ಚಿ ಎಲ್ಲರೂ ಹೊರಗಿರಬೇಕು. ಆಗ ಹಿರಿಯರು ಬಂದು ಉಂಡು ಹೋಗುತ್ತಾರೆ. ನಾವು ನೋಡಬಾರದು, ಮಾತಾಡಬಾರದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗಬೇಕು.

ಅಪ್ಪ ಬಾಗಿಲು ಎಳೆದುಕೊಂಡ. ನಾಲ್ವರೂ ಜಗಲಿಯ ಕೆಳಗೆ ನಿಂತರು. ಅಜ್ಜಿ ಪ್ರಿಯಾಂಕಳ ಕೈ ಹಿಡಿದುಕೊಂಡಳು. ಬೀದಿಯಲ್ಲೂ ಸದ್ದಿರಲಿಲ್ಲ. ಎದುರು ಮನೆಯ ನಾಗಯ್ಯ ಸೈಕಲ್ ತಳ್ಳಿಕೊಂಡು ಬಂದವನು, ಇವರು ನಿಂತಿದ್ದನ್ನು ನೋಡಿ ಬೆಲ್ಲು ಹೊಡೆಯದೆ ನಡೆದ.

ಬೀದಿ ದೀಪ ಮಿಣಕ್ ಮಿಣಕ್ ಎಂದು ಹತ್ತಿತು.

ಮನೆಯೊಳಗೆ ಯಾರೋ ಕೆಮ್ಮಿದರು.

ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ಬಾಗಿಲ ಕಡೆ ನೋಡಿದ.

“ಚಲುವಿ,” ಎಂದಿತು ಒಳಗಿನ ದನಿ. “ಲೇ ಚಲುವಿ. ಬಾಗ್ಲು ತಗಿ.” ಅಜ್ಜಿಯನ್ನು ಹಾಗೆ ಕರೆಯುತ್ತಿದ್ದವನು ತಾತ ಒಬ್ಬನೇ.

ನಾಗಯ್ಯ ಸೈಕಲನ್ನು ಬೀದಿಯಲ್ಲೇ ಬಿಟ್ಟು ತನ್ನ ಮನೆ ಸೇರಿಕೊಂಡ. ಅದು ಧಡಾರನೆ ಬಿತ್ತು. ಯಾರೂ ಆ ಕಡೆ ತಿರುಗಲಿಲ್ಲ.

“ಅಪ್ಪಾ...” ಎಂದ ಅಪ್ಪ. ಅದು ಅಪ್ಪನ ದನಿಯ ಹಾಗೇ ಇರಲಿಲ್ಲ. ತುಂಬ ಚಿಕ್ಕವನ ದನಿಯ ಹಾಗಿತ್ತು.

ಆಗ ಒಳಗಿನಿಂದ ಅಜ್ಜಿಯ ದನಿ ಬಂತು. “ಬಂದೆ ಇರಿ. ಎಸ್ರು ಇಳಿಸ್ತಾವ್ನಿ.”

ಪ್ರಿಯಾಂಕ ತಲೆಯೆತ್ತಿ ನೋಡಿದಳು. ಅಜ್ಜಿ ಪಕ್ಕದಲ್ಲೇ ಇದ್ದಳು. ಬಾಯಿ ಮುಚ್ಚಿತ್ತು. ಕೈ ತಣ್ಣಗಿತ್ತು. ಒಳಗೂ ಅಜ್ಜಿ, ಹೊರಗೂ ಅಜ್ಜಿ. ಪ್ರಿಯಾಂಕ ಅಜ್ಜಿಗೆ ಇನ್ನಷ್ಟು ಅಂಟಿಕೊಂಡಳು.

“ನಿನ್ ಮೊಮ್ಮಗಳು ಬಾಗ್ಲು ಎಳ್ಕಂಡು ಓಡೋದ್ಲು ನೋಡು,” ಎಂದಿತು ತಾತನ ದನಿ. “ಫೋನು ಮಂಚದ್ ಮ್ಯಾಲೇ ಬುಟ್ಟವ್ಳೆ. ಲಗೋರಿ ಅಂದ್ರೆ ಸಾಕು, ತಾತ ಬ್ಯಾಡ.”

ಲಗೋರಿ ಅಂದ ಕೂಡಲೇ ಪ್ರಿಯಾಂಕಳಿಗೆ ಹೊಳೆಯಿತು. ಸ್ವಿಚ್ಚು. ಪೆನ್‌ಡ್ರೈವ್. ಅಪ್ಪ ಆರಿಸಿದ್ದ ಜಾಗದಿಂದ ಮುಂದಕ್ಕೆ. ಇದು ದೆವ್ವವಲ್ಲ. ಇದು ಆ ಹದಿನೆಂಟು ನಿಮಿಷ.

“ಅಜ್ಜಿ, ಅದು ಟಿವಿ ಕಣಜ್ಜಿ,” ಎಂದು ಪಿಸುಗುಟ್ಟಿದಳು. “ನಾನೇ ಸ್ವಿಚ್ಚು... ಆರಿಸ್ಬಿಡ್ಲಾ?”

ಅಜ್ಜಿ ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. “ಸುಮ್ಕಿರು ಮಗ. ಉಣ್ತಾವ್ರೆ.”

ಒಳಗೆ ತಟ್ಟೆ ಇಟ್ಟ ಸದ್ದು. ಲೋಟದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ, ದೂರದಲ್ಲಿ ಒಂದು ಕೋಳಿ ಕೂಗಿದ್ದು ಬಿಟ್ಟರೆ.

“ಸಾರ್ಗೆ ಉಪ್ಪಾಕಿಲ್ಲ ಕಣೇ.”

“ಆಕಿವ್ನಿ. ನಿಮ್ ನಾಲ್ಗೆ ಸರಿ ಇಲ್ಲ.”

“ನೀನೂ ತಿನ್ನು, ಆಗ ಗೊತ್ತಾಯ್ತದೆ. ಕುಂತ್ಕೊ.”

“ಎಲ್ರುದೂ ಆಗ್ಲಿ. ಆಮ್ಯಾಕೆ ಉಂಡೇನು.”

“ನಲವತ್ ವರ್ಸದಿಂದ ಆಮ್ಯಾಕೆ ಅಂತೀಯ. ಇವತ್ತು ಯಾರವ್ರೆ ಮನ್ಯಾಗೆ? ಕುಂತ್ಕೊ ಅಂದ್ರೆ.”

ಬಳೆ ಸದ್ದು. ಇನ್ನೊಂದು ತಟ್ಟೆ. ಆಮೇಲೆ ಇಬ್ಬರು ಮಾತಾಡದೆ ಉಣ್ಣುವ ಸದ್ದು. ಅದು ತುಂಬ ಹೊತ್ತು ಬಂತು. ಮುಚ್ಚಿದ ಬಾಗಿಲ ಹೊರಗೆ ನಾಲ್ಕು ಜನ ನಿಂತು ಅದನ್ನೇ ಕೇಳಿದರು.

ಕೊನೆಗೆ ಅಜ್ಜಿಯೇ ಬಾಗಿಲಿಗೆ ಹೋಗಿ ಮೆಲ್ಲಗೆ ಮೂರು ಸಲ ತಟ್ಟಿದಳು.

ಒಳಗೆ ಎಡೆ ಹಾಗೇ ಇತ್ತು. ಟಿವಿ ಕಪ್ಪಗೆ ಉರಿಯುತ್ತಿತ್ತು. ಅಪ್ಪ ಪೆನ್‌ಡ್ರೈವಿನ ನೀಲಿ ದೀಪ ನೋಡಿದ, ಪ್ರಿಯಾಂಕಳನ್ನು ನೋಡಿದ. ಬೈಯುತ್ತಾನೆ ಅಂದುಕೊಂಡಳು. ಬೈಯಲಿಲ್ಲ. ಗೋಡೆಗೆ ಒರಗಿ ಕೂತು ಮುಖ ಒರೆಸಿಕೊಂಡ.

ಪ್ರಿಯಾಂಕ ಗಡಿಬಿಡಿಯಲ್ಲಿ ಚಿಕ್ಕ ಫೈಲು ಹಾಕಿದಳು. ಈ ಸಲ ತಾತ ಬಂದ. ಹಲ್ಲಿಲ್ಲದ ನಗು, ಕಿವಿಯ ಮೇಲಿನ ಬಿಳಿ ಕೂದಲು, ಎಲ್ಲ. “ಕಾಣ್ತೀನಾ ನಾನು?” ಎಂದ.

“ಊಂ, ಕಾಣ್ತೀರಿ,” ಎಂದಳು ಅಜ್ಜಿ. ಗಾಜಿನ ಮೇಲೆ ಕೈಯಿಟ್ಟು ಮೂರು ನಿಮಿಷವೂ ನೋಡಿದಳು. ಅದು ಮುಗಿದಾಗ ಹಿಂದೆ ಸರಿದು ಕೂತಳು.

“ಸಾಕು ಮಗ. ಮೊಕ ನೋಡ್ದೆ. ಈಗ ಆ ಇನ್ನೊಂದ ಆಕು.”

“ಅದರಲ್ಲಿ ಬರೀ ಕತ್ತಲು ಕಣಜ್ಜಿ.”

“ಅದ್ನೇ.”

ಪ್ರಿಯಾಂಕ ಅಪ್ಪನ ಕಡೆ ತಿರುಗಿದಳು. “ಅಪ್ಪ, ಸ್ವಾಮಿ ಅಣ್ಣ ಅದನ್ನ ಅಳಿಸ್ಬೇಕು ಅಂದ್ರು. ಜಾಗ ಇಲ್ವಂತೆ. ನಿನ್ ಹಾಡೆಲ್ಲ...”

“ಹಾಡ್ ಅಳಿಸ್ಬುಡು,” ಎಂದ ಅಪ್ಪ.

ಪ್ರಿಯಾಂಕ ದೊಡ್ಡ ಫೈಲು ಹಾಕಿ, ಊಟದ ಮಾತು ಬರುವಲ್ಲಿಗೆ ಓಡಿಸಿದಳು. ಟಿವಿ ಮತ್ತೆ ಕಪ್ಪಾಯಿತು. ಕಪ್ಪು ಗಾಜಿನೊಳಗೆ ಅಜ್ಜಿ ಕಂಡಳು, ಪಕ್ಕದಲ್ಲಿ ಪ್ರಿಯಾಂಕ, ಮೂಲೆಯಲ್ಲಿ ಅಪ್ಪ. ಅಮ್ಮ ಸಾರಿನ ಪಾತ್ರೆ ಹಿಡಿದು ಬಂದಳು. ಯಾವಾಗಲೂ ಎಲ್ಲರದೂ ಆದ ಮೇಲೆ ಉಣ್ಣುವ ಅಜ್ಜಿ, ಇವತ್ತು ಎಡೆಯ ಮುಂದೆ ತಾನೇ ಒಂದು ಎಲೆ ಎಳೆದುಕೊಂಡಳು. ಸಾರನ್ನು ಬೆರಳಿನಿಂದ ಮುಟ್ಟಿ ನಾಲಿಗೆಗೆ ಇಟ್ಟಳು.

“ಉಪ್ಪು ಸರಿಯಾಗದೆ,” ಎಂದಳು ಟಿವಿಗೆ.

“ಕುಂತ್ಕೊ ಅಂದ್ರೆ,” ಎಂದಿತು ಕತ್ತಲು.

ಪ್ರಿಯಾಂಕ ಸದ್ದಾಗದಂತೆ ರಿಮೋಟನ್ನು ಕೆಳಗಿಟ್ಟಳು. ಸೋಮವಾರ ಸ್ವಾಮಿಯ ಅಂಗಡಿಯಲ್ಲಿ ಅವಳಿಗೆ ಕೆಲಸವಿರಲಿಲ್ಲ.