ಮೇಣ ಹಚ್ಚದ ದಾರ

ಶೆಡ್ಡಿನ ಬಾಗಿಲಿಗೆ ಬೀಗ ಇರಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವವಳು ಮುನಿಯಮ್ಮ. ಕೈಯಲ್ಲಿದ್ದ ಬೀಗದ ಕೈಯನ್ನು ಹಾಗೇ ಸೆರಗಿಗೆ ಕಟ್ಟಿಕೊಂಡು ಬಾಗಿಲು ತಳ್ಳಿದಳು. ಮರುಕ್ಷಣ ಅವಳ ಕಿರುಚಾಟ ಕುಂದೂರು ರಸ್ತೆಯವರೆಗೂ ಕೇಳಿಸಿತು.

ಹೊಲಿಗೆ ಯಂತ್ರಗಳ ಸಾಲಿನ ಮೇಲೆ, ಕಬ್ಬಿಣದ ತೊಲೆಯಿಂದ ನವೀನ್‌ಕುಮಾರ್ ನೇತಾಡುತ್ತಿದ್ದ. ಆ ಪುಟ್ಟ ಕಾರ್ಖಾನೆಯ ಮಾಲೀಕ. ಕತ್ತಿನಲ್ಲಿ ಹಸಿರು ಪಟ್ಟಿ. ಸೈನ್ಯದವರು ಗಾಯಾಳುವನ್ನು ಸ್ಟ್ರೆಚರಿಗೆ ಬಿಗಿದು ಕಟ್ಟುವ ಪಟ್ಟಿ. ಅದರ ತುದಿಯಲ್ಲಿ ಬಿಳಿ ಲೇಬಲ್. ‘ಭದ್ರಮ್ಮ ಕ್ಯಾನ್ವಾಸ್ ವರ್ಕ್ಸ್, ಆಲೂರು.’

ಭದ್ರಮ್ಮ ಅವನ ತಾಯಿ.

ಸಬ್ ಇನ್ಸ್‌ಪೆಕ್ಟರ್ ಗಂಗಾಮಣಿ ಬರುವ ಹೊತ್ತಿಗೆ ಊರು ತೀರ್ಪು ಕೊಟ್ಟಾಗಿತ್ತು. ಊರಿಗೆ ಅದಕ್ಕೆ ಹೆಚ್ಚು ಹೊತ್ತು ಬೇಡ. ಕಾರ್ಗಿಲ್ ಯುದ್ಧ ಮುಗಿದು ವರ್ಷವಾಗಿತ್ತಷ್ಟೆ. ಸೈನಿಕರ ಹೆಸರೆತ್ತಿದರೆ ಜನರ ಕಣ್ಣಲ್ಲಿ ಇನ್ನೂ ನೀರಾಡುತ್ತಿತ್ತು. ಅಂಥ ಹೊತ್ತಿನಲ್ಲಿ ಆ ವಾರ ಪೇಪರಿನಲ್ಲಿ ಒಂದು ಸುದ್ದಿ ಬಂದಿತ್ತು. ಬೆಟ್ಟದ ಗಡಿಯಲ್ಲಿ ಗಾಯಗೊಂಡ ಜವಾನನೊಬ್ಬನನ್ನು ಹೊತ್ತು ಇಳಿಸುವಾಗ ಪಟ್ಟಿಯ ಹೊಲಿಗೆ ಬಿಟ್ಟಿತ್ತು. ಜವಾನ ಕಣಿವೆಗೆ ಉರುಳಿ ಸತ್ತಿದ್ದ. ಪಟ್ಟಿಯ ಮೇಲಿದ್ದ ಹೆಸರನ್ನೂ ಪೇಪರಿನವರು ಬಿಡದೆ ಅಚ್ಚು ಹಾಕಿದ್ದರು.

“ಆತ್ಮಹತ್ಯೆನೇ ಮೇಡಂ,” ಎಂದ ಹೆಡ್ ಕಾನ್‌ಸ್ಟೆಬಲ್ ಲಕ್ಕಯ್ಯ. “ಮಾನ ಹೋಯ್ತು, ಪ್ರಾಣ ಬುಟ್ಟ. ಇದ್ರಲ್ಲಿ ಪತ್ತೆ ಮಾಡಾಕೆ ಏನೈತೆ?”

ಗಂಗಾಮಣಿ ಸುತ್ತ ನೋಡಿದಳು. ಮೇಜಿನ ಮೇಲೆ ಒಂದು ಚೀಲ. ಅದರಲ್ಲಿ ಮಡಿಸಿಟ್ಟ ಅಂಗಿ, ಟವೆಲ್ಲು, ಹಲ್ಲುಜ್ಜುವ ಬ್ರಷ್ಷು.

“ಸಾಯೋನು ಬ್ರಷ್ ಯಾಕೆ ಇಟ್ಕೊಂಡ ಲಕ್ಕಯ್ಯ?”

ಉತ್ತರ ಕೊಟ್ಟವನು ಮೂಲೆಯಲ್ಲಿ ತಲೆಗೆ ಕೈಹೊತ್ತು ಕೂತಿದ್ದ ಸುನಿಲ್‌ಕುಮಾರ್. ನವೀನನ ಅಕ್ಕ ಚಂದ್ರಿಕಾಳ ಗಂಡ, ಕಾರ್ಖಾನೆಯಲ್ಲಿ ಪಾಲುದಾರ. ಹೊಲಿಗೆ ನವೀನನದು, ಓಡಾಟ ಇವನದು.

“ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗ್ತೀನಿ ಅಂದಿದ್ದ ಮೇಡಂ. ಅದ್ಕೇ ಮನೇಲಿ ಯಾರೂ ಹುಡುಕ್ಲಿಲ್ಲ. ಹೊರಡೋ ಹೊತ್ಗೆ ಧೈರ್ಯ ಸಾಲ್ದೆ ಹೋಯ್ತೇನೋ. ನಾನು ಸಂಜೆ ಪೂರ್ತಿ ಮನೇಲೇ ಇದ್ದೆ. ಇವ್ನ ಜೊತೇಲಿ ಇರ್ಬೇಕಿತ್ತು.” ಕಣ್ಣೊರೆಸಿಕೊಂಡ. ಪಕ್ಕದಲ್ಲಿದ್ದ ಚಂದ್ರಿಕಾ ಹೌದೆಂದು ತಲೆಯಾಡಿಸಿದಳು.

“ಪಟ್ಟಿ ಎಲ್ಲಿಂದ ಬಂತು?”

“ಇಲ್ಲೇ ರ‍್ಯಾಕ್ ತುಂಬಾ ಬಿದ್ದವಲ್ಲ ಮೇಡಂ. ಕೈಗೆ ಸಿಕ್ಕಿದ್ದು ತಗೊಂಡವ್ನೆ.”

ಹೊರಗೆ ಕಲ್ಲಿನ ಮೇಲೆ ಭದ್ರಮ್ಮ ಕೂತಿದ್ದಳು. ಅವಳ ಹತ್ತಿರ ಯಾರೂ ನಿಂತಿರಲಿಲ್ಲ. ಸಾವಿನ ಮನೆಯವರಿಂದ ಜನ ಹೀಗೆ ದೂರ ನಿಲ್ಲುವುದನ್ನು ಗಂಗಾಮಣಿ ಈ ಸೀಮೆಯಲ್ಲಿ ಎಂದೂ ನೋಡಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಮುದುಕಿಯ ಪಕ್ಕದಲ್ಲೇ ಕೂತಳು.

“ಸತ್ತೋನು ವಾಪಸ್ ಬರಕಿಲ್ಲ, ನಂಗೊತ್ತೈತೆ ಕಣವ್ವ,” ಎಂದಳು ಭದ್ರಮ್ಮ. “ಒಂದೇ ಒಂದು ಕೇಳ್ತೀನಿ. ನನ್ ಮಗ ಕಳಪೆ ಕೆಲ್ಸ ಮಾಡ್ನಿಲ್ಲ. ಯಾರ್ದೋ ತಾಯಿ ಮಗನ್ನ ಕಣಿವೆಗೆ ಬೀಳಿಸ್ನಿಲ್ಲ. ಅದನ್ನ ಊರಿಗೆ ಹೇಳ್ಬುಡು. ಅವ್ನ ಹೆಸ್ರು ನಂಗೆ ವಾಪಸ್ ಕೊಡ್ಸು. ಆಮೇಕೆ ನಾನು ಅಳ್ತೀನಿ.”

ಗಂಗಾಮಣಿ ಮಾತು ಕೊಟ್ಟಳು. ಪೊಲೀಸರು ಕೊಡಬಾರದ ಮಾತು ಅದು.

*

“ಇದು ಕೊಲೆ,” ಎಂದರು ಶವಪರೀಕ್ಷೆ ಮಾಡಿದ ಡಾಕ್ಟರು. “ನೇಣು ಹಾಕಿಕೊಂಡರೆ ಗುರುತು ಓರೆಯಾಗಿ ಕಿವಿಯ ಹಿಂದಕ್ಕೆ ಏರುತ್ತೆ. ಅದೂ ಇದೆ. ಅದರ ಕೆಳಗೆ ಕತ್ತಿನ ಸುತ್ತ ನೇರವಾಗಿ ಇನ್ನೊಂದು ಗುರುತಿದೆ. ಮೊದಲು ಹಿಂದಿನಿಂದ ಬಿಗಿದಿದ್ದಾರೆ. ಸತ್ತ ಮೇಲೆ ಎತ್ತಿ ಕಟ್ಟಿದ್ದಾರೆ. ಎರಡೂ ಅದೇ ಪಟ್ಟಿಯ ಗುರುತು.”

ಗಂಗಾಮಣಿ ಶೆಡ್ಡಿಗೆ ವಾಪಸಾದಳು. ಹೊಲಿಯುವ ಹೆಂಗಸರು ಗುಂಪಾಗಿ ಕೂತಿದ್ದರು.

“ನಿನ್ನೆ ಯಾರಾದ್ರೂ ಬಂದಿದ್ರಾ?”

“ಮಧ್ಯಾಹ್ನ ಬೆಂಗ್ಳೂರು ಕಂಪ್ನಿ ಸಾಹೇಬ್ರು ಬಂದಿದ್ರು, ಶ್ರೀನಾಥ್ ಅಂತ,” ಎಂದಳು ಮುನಿಯಮ್ಮ. “ನಮ್ ಯಜಮಾನ್ರು ಹಂಗೆ ಕೂಗಾಡಿದ್ದು ನಾವ್ಯಾರೂ ಕೇಳಿರ್ನಿಲ್ಲ. ‘ಅದು ನಮ್ ಪಟ್ಟಿ ಅಲ್ಲ, ನಾನು ಬೆಂಗ್ಳೂರಿಗೆ ಹೋಗಿ ಸೈನ್ಯದ ಆಫೀಸಲ್ಲೇ ಹೇಳ್ತೀನಿ’ ಅಂದ್ರು. ಸಾಹೇಬ್ರು ಮುಖ ಕೆಂಪಗೆ ಮಾಡ್ಕೊಂಡು ಕಾರು ಹತ್ತಿದ್ರು.”

“ಅವ್ನೇ ಕಣ್ರೀ ಮೇಡಂ,” ಎಂದು ಲಕ್ಕಯ್ಯ ಟೋಪಿ ಸರಿಮಾಡಿಕೊಂಡ. ಬೆಳಿಗ್ಗೆ ಆತ್ಮಹತ್ಯೆ ಎಂದಿದ್ದನ್ನು ಆಗಲೇ ಮರೆತಿದ್ದ.

ಮುನಿಯಮ್ಮನಿಗೆ ಸುಮ್ಮನೆ ಕೂರಲಾಗಲಿಲ್ಲ. ಅಳುತ್ತಲೇ ತನ್ನ ಯಂತ್ರದ ಧೂಳು ಒರೆಸತೊಡಗಿದಳು. ದಾರದ ಉಂಡೆಗೂ ಸೂಜಿಗೂ ನಡುವೆ ಒಂದು ಮೊಳೆ, ಮೊಳೆಗೆ ಮೆತ್ತಿದ ಕಂದು ಮುದ್ದೆ. ದಾರ ಆ ಮುದ್ದೆಯನ್ನು ಸವರಿಕೊಂಡೇ ಸೂಜಿಗೆ ಹೋಗುತ್ತಿತ್ತು. ಗಂಗಾಮಣಿ ಹತ್ತಿರ ಹೋಗಿ ಮೂಸಿದಳು. ಜೇನುಮೇಣ.

ಆ ವಾಸನೆ ಅವಳಿಗೆ ಹಳೆಯದು. ಅವಳು ಹುಟ್ಟಿದ್ದು ಹೆತ್ತೂರು ಕಡೆಯ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಕಾಫಿ ಹಣ್ಣು ಕೊಯ್ಯಲು ಸೊಂಟಕ್ಕೆ ಕಟ್ಟುವ ಚೀಲವನ್ನು ಅವಳವ್ವ ಹೀಗೇ ಮೇಣ ಸವರಿದ ದಾರದಲ್ಲಿ ಹೊಲಿಯುತ್ತಿದ್ದಳು. ಒದ್ದೆ ಹಣ್ಣಿನ ರಸಕ್ಕೆ ಬರಿ ದಾರ ಬೇಗ ಕೊಳೆಯುತ್ತದೆ. ಮೇಣದ ದಾರ ನಾಲ್ಕು ಕೊಯ್ಲಿಗೂ ಜಗ್ಗುವುದಿಲ್ಲ. ಇಲ್ಲಿನ ಹೆಂಗಸರೆಲ್ಲ ಆ ಚೀಲ ಹೊಲಿದೇ ಕೈ ಪಳಗಿಸಿಕೊಂಡವರು. ಸೈನ್ಯದವರು ಮೇಣ ಹಚ್ಚಿ ಎಂದು ಹೇಳಿರಲಿಲ್ಲ. ಇವರಿಗೆ ಮೇಣವಿಲ್ಲದೆ ಹೊಲಿದು ಅಭ್ಯಾಸವೇ ಇರಲಿಲ್ಲ.

ಗಂಗಾಮಣಿ ರ‍್ಯಾಕಿನಿಂದ ಒಂದು ಪಟ್ಟಿ ಎಳೆದು ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿದಳು. ಅಂಟಂಟು. ಇನ್ನೊಂದು, ಮತ್ತೊಂದು. ಎಲ್ಲವೂ ಹಾಗೇ. ಆಮೇಲೆ ಮೊಹರು ಹಾಕಿದ್ದ ಕವರು ಬಿಡಿಸಿ, ನವೀನನ ಕತ್ತಿನಿಂದ ಬಿಚ್ಚಿದ ಪಟ್ಟಿಯನ್ನು ಪಂಚರ ಎದುರಿನಲ್ಲೇ ಹೊರತೆಗೆದಳು. ಅದೇ ಹಸಿರು. ಅದೇ ಅಗಲ. ಅದೇ ಲೇಬಲ್.

ಹೊಲಿಗೆ ಮಾತ್ರ ಒಣಗಿತ್ತು.

*

ಶ್ರೀನಾಥ್ ಸಕಲೇಶಪುರದ ಲಾಡ್ಜಿನಲ್ಲಿ ತಂಗಿದ್ದವನು ಬೆಳಿಗ್ಗೆಯೇ ಮಂಗಳೂರಿನ ಕಡೆ ಹೊರಟಿದ್ದ. ಘಾಟಿಯಲ್ಲಿ ಲಾರಿಯೊಂದು ಮಗುಚಿ ದಾರಿ ಕಟ್ಟಿತ್ತು. ದೋಣಿಗಲ್ಲಿನ ಹೋಟೆಲೊಂದರ ಮುಂದೆ ಅವನ ಕಾರು ಸಿಕ್ಕಿತು. ಸಾವಿನ ಸುದ್ದಿ ಕೇಳಿ ಅವನು ಕಾಫಿ ಲೋಟ ಕೆಳಗಿಟ್ಟ.

“ನಿನ್ನೆ ಸಂಜೆಯಿಂದ ನಾನು ಲಾಡ್ಜ್ ಬಿಟ್ಟು ಕದಲಿಲ್ಲ ಮೇಡಂ. ಮ್ಯಾನೇಜರ್ ಕೃಷ್ಣಪ್ಪನನ್ನು ಕೇಳಿ. ಟಿವಿಯಲ್ಲಿ ಕ್ರಿಕೆಟ್ ಮುಗಿಯುವವರೆಗೂ ಅವನ ಜೊತೆಯಲ್ಲೇ ಕೂತಿದ್ದೆ.”

ಲಕ್ಕಯ್ಯ ಫೋನು ಮಾಡಿ ಬಂದ. “ನಿಜ ಮೇಡಂ,” ಎಂದ, ಸಪ್ಪೆ ಮುಖದಲ್ಲಿ.

ಗಂಗಾಮಣಿ ಒಣ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. “ಇದನ್ನ ಆಲೂರಿನಲ್ಲಿ ಹೊಲಿದಿಲ್ಲ. ಎಲ್ಲಿ ಹೊಲಿದ್ರಿ?”

ಅವನು ಪಟ್ಟಿಯನ್ನು ಬೆರಳ ತುದಿಯಿಂದ ದೂರ ತಳ್ಳಿದ. ಆಮೇಲೆ ಒಂದೊಂದಾಗಿ ಹೇಳಿದ. ಸೈನ್ಯದ ದೊಡ್ಡ ಆರ್ಡರು ಅವನ ಕಂಪನಿಗೆ ಸಿಕ್ಕಿತ್ತು. ಒಂದು ಷರತ್ತಿನ ಮೇಲೆ. ಪಟ್ಟಿಗಳಲ್ಲಿ ಒಂದು ಪಾಲನ್ನು ಸಣ್ಣ ಘಟಕವೊಂದಕ್ಕೇ ಹೊಲಿಯಲು ಕೊಡಬೇಕು. ಹಳ್ಳಿಗಾಡಿನ ನಾಲ್ಕು ಮನೆಗೆ ಕೆಲಸ ಸಿಗಲಿ ಎಂದು ಯಾರೋ ಒಳ್ಳೆಯ ಮನಸ್ಸಿನವರು ಬರೆದ ಷರತ್ತು. ಕಂಪನಿ ಆಲೂರಿಗೆ ಕೊಟ್ಟಿದ್ದು ತೋರಿಕೆಗೆ ಒಂದಿಷ್ಟು. ಉಳಿದದ್ದನ್ನು ತನ್ನಲ್ಲೇ, ಅಗ್ಗದ ದಾರದಲ್ಲಿ, ಅವಸರದಲ್ಲಿ ಹೊಲಿಸಿತು. ಮೇಲೆ ಆಲೂರಿನ ಲೇಬಲ್ ಹಚ್ಚಿತು.

“ಲೇಬಲ್ ಯಾರು ಕೊಟ್ಟರು?”

“ಸುನಿಲ್‌ಕುಮಾರ್. ಪ್ರತಿ ಕಂತಿಗೂ ಕಮಿಷನ್ ತಗೊಂಡು ಕಟ್ಟುಗಟ್ಟಲೆ ಕೊಟ್ಟ. ನವೀನ್‌ಗೂ ಗೊತ್ತು ಅಂದಿದ್ದ. ಗೊತ್ತಿಲ್ಲ ಅಂತ ನನಗೆ ತಿಳಿದಿದ್ದು ನಿನ್ನೆ, ಅವನು ಕೂಗಾಡಿದಾಗ.”

“ಈ ಪಟ್ಟಿ?”

“ಸೈನ್ಯದಿಂದ ವಾಪಸ್ ಬಂದ ಮಾಲಿನದು. ಒಂದೇ ಒಂದು ತಂದಿದ್ದೆ. ಸಂಜೆ ಸುನಿಲ್ ಲಾಡ್ಜಿಗೆ ಬಂದು ಇಸ್ಕೊಂಡು ಹೋದ. ‘ಇದನ್ನ ತೋರ್ಸಿ, ತಪ್ಪು ನಮ್ದೇ ಅಂತ ನನ್ ಭಾವಮೈದನ್ನ ನಾನು ಒಪ್ಪಿಸ್ತೀನಿ’ ಅಂದ. ಕೃಷ್ಣಪ್ಪನೂ ಅವನನ್ನು ನೋಡಿದ್ದಾನೆ.”

ಗಂಗಾಮಣಿ ಎದ್ದಳು. “ಕಣಿವೆಗೆ ಬಿದ್ದ ಜವಾನನ ಹೆಸರು ಗೊತ್ತಾ ನಿಮಗೆ?”

ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಪೇಪರಿನಲ್ಲಿ ಓದಿದ್ದಳು. ಹೇಳಲು ಮನಸ್ಸಾಗಲಿಲ್ಲ.

“ನೀವೂ ಜೀಪು ಹತ್ತಿ,” ಎಂದಳು.

ವಾಪಸು ಬರುವ ದಾರಿಯುದ್ದಕ್ಕೂ ಅವಳಿಗೆ ಒಂದೇ ಸಂಕಟ. ಭದ್ರಮ್ಮ ಮಗನ ಹೆಸರು ಕೇಳಿದ್ದಳು. ಅದನ್ನು ಕೊಡಬೇಕಾದರೆ ಮಗಳ ಸಂಸಾರ ಒಡೆಯಬೇಕಿತ್ತು. ಮುದುಕಿಗೆ ಮಾತು ಕೊಡುವಾಗ ಇದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದಳೇನೋ.

*

ಶೆಡ್ಡಿನಲ್ಲಿ ಎಲ್ಲರೂ ಇದ್ದರು. ಭದ್ರಮ್ಮ, ಚಂದ್ರಿಕಾ, ಹೊಲಿಯುವ ಹೆಂಗಸರು. ಸುನಿಲ್ ಮಣ್ಣು ಮಾಡುವ ಏರ್ಪಾಡಿಗೆ ಓಡಾಡುತ್ತಿದ್ದ. ಶ್ರೀನಾಥ್ ಜೀಪಿನಿಂದ ಇಳಿದದ್ದನ್ನು ನೋಡಿ ನಿಂತಲ್ಲೇ ನಿಂತ.

“ಸುನಿಲ್, ಈ ರ‍್ಯಾಕಿನ ಪಟ್ಟಿಗೂ ನವೀನನ ಕತ್ತಿನಲ್ಲಿದ್ದ ಪಟ್ಟಿಗೂ ಏನು ವ್ಯತ್ಯಾಸ?” ಗಂಗಾಮಣಿ ಎರಡನ್ನೂ ಚಾಚಿದಳು.

ಅವನು ತಿರುಗಿಸಿ ಮುರುಗಿಸಿ ನೋಡಿದ. “ಏನೂ ಇಲ್ಲ ಮೇಡಂ. ಎರಡೂ ನಮ್ಮವೇ.”

“ಮುನಿಯಮ್ಮ, ನೀನು ಹೇಳು.”

ಮುನಿಯಮ್ಮ ಮುಟ್ಟಿದಳು. ಮುಟ್ಟಿದ ಕೈ ತಟ್ಟನೆ ಹಿಂದಕ್ಕೆ ಬಂತು. “ಇದು ನಮ್ದಲ್ಲ! ಮೇಣಾನೇ ಇಲ್ವಲ್ಲ!”

“ಕೇಳಿದ್ಯಾ ಸುನಿಲ್? ನೀನು ಇಷ್ಟು ವರ್ಷ ಈ ಪಟ್ಟಿ ಮಾರಿದೆ. ಒಂದು ದಿನವೂ ಯಂತ್ರದ ಮುಂದೆ ಕೂರಲಿಲ್ಲ. ಲೇಬಲ್ ಒಂದೇ ಆದರೆ ಪಟ್ಟಿಯೂ ಒಂದೇ ಅಂದುಕೊಂಡೆ. ರ‍್ಯಾಕಿನಿಂದ ತಗೊಂಡಿದ್ದಾನೆ ಅಂದೆ. ಇಂಥ ಪಟ್ಟಿ ಈ ಶೆಡ್ಡಿನಲ್ಲಿ ಒಂದೂ ಇಲ್ಲ. ಹೊರಗಿನಿಂದ ಬಂದಿದ್ದು ಇದೊಂದೇ. ಅದನ್ನು ಶ್ರೀನಾಥ್ ಕೊಟ್ಟಿದ್ದು ನಿನ್ನ ಕೈಗೆ. ಲಾಡ್ಜಿನ ಮ್ಯಾನೇಜರೂ ನಿನ್ನನ್ನು ನೋಡಿದ್ದಾನೆ. ಸಂಜೆ ಪೂರ್ತಿ ಮನೆಯಲ್ಲಿದ್ದೆ ಅಂದೆಯಲ್ಲ?”

“ಚಂದ್ರೀನ ಕೇಳಿ…” ಎಂದ ಸುನಿಲ್.

ಚಂದ್ರಿಕಾ ಗಂಡನ ಮುಖ ನೋಡಿದಳು. “ಮನೇಲಿದ್ದೆ ಅಂತ ಹೇಳು ಅಂದ್ರಿ, ಹೇಳ್ದೆ. ಕುಡ್ಯಕ್ಕೆ ಹೋಗಿದ್ರೇನೋ, ಸಾವಿನ ಮನೇಲಿ ಮರ್ವಾದೆ ಹೋದಾತು ಅಂದ್ಕೊಂಡೆ.” ಅವಳು ಗಂಡನಿಂದ ಒಂದು ಹೆಜ್ಜೆ ಹಿಂದೆ ಸರಿದಳು. “ನನ್ ತಮ್ಮನ್ನ ಕಣ್ರೀ… ನಮ್ ಮಗಳು ಮಾನಸಾನ ಹೆಗಲ ಮೇಲೆ ಹೊತ್ತು ಬೆಳೆಸ್ದೋನು.”

ಸುನಿಲ್ ಯಂತ್ರದ ಮುಂದೆ ಕೂತ. “ಕೊಲ್ಬೇಕು ಅಂತ ಹೋಗ್ನಿಲ್ಲ. ‘ನೋಡು, ನಮ್ದೇ ಲೇಬಲ್’ ಅಂತ ಪಟ್ಟಿ ಕೈಗೆ ಕೊಟ್ಟೆ. ಮುಟ್ಟಿದ್ದೇ ಬಿಸಾಕ್ದ. ‘ನಮ್ಮವ್ವನ ಹೆಸ್ರು ಮಾರ್ಕೊಂಡ್ಯಾ ಭಾವ?’ ಅಂದ. ಬೆಂಗ್ಳೂರಿಗೆ ಹೋಗಿ ನನ್ ಹೆಸ್ರು ಹೇಳ್ತೀನಿ ಅಂತ ಬೆನ್ನು ತಿರುಗಿಸ್ದ. ಕಾಲ ಹತ್ರ ಅದೇ ಪಟ್ಟಿ ಬಿದ್ದಿತ್ತು…”

ಆಮೇಲಿನದನ್ನು ಗಂಗಾಮಣಿಯೇ ಪೂರ್ತಿ ಮಾಡಿದಳು. “ಆಮೇಲೆ ತೂಗುಹಾಕಿದೆ. ತಪ್ಪಿತಸ್ಥ ನಾಚಿಕೆಗೆ ಸತ್ತ ಅಂತ ಜನ ನಂಬಿದರೆ ಜವಾನನ ಸಾವಿನ ಲೆಕ್ಕವೂ ಅವನ ತಲೆಗೇ. ನಿನ್ನ ಲೇಬಲ್ಲಿನ ಸುದ್ದಿ ಯಾರೂ ಎತ್ತೋದಿಲ್ಲ. ಸತ್ತವನನ್ನ ಎರಡು ಸಲ ಕೊಂದೆ ನೀನು.”

ಭದ್ರಮ್ಮ ಎದ್ದು ಅಳಿಯನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡರು ಎಲ್ಲರೂ. ಹೊಡೆಯಲಿಲ್ಲ.

“ಕೇಳಿದ್ರೆ ಈ ಶೆಡ್ಡೇ ಬರ್ಕೊಡ್ತಿದ್ದೆ ಕಣೋ,” ಎಂದಳು.

*

ಪೇಪರಿನವರು ತಪ್ಪು ತಿದ್ದಿಕೊಂಡರು. ಒಳಪುಟದ ಮೂಲೆಯಲ್ಲಿ, ಬೆರಳಗಲ. ಆದರೂ ಊರು ಓದಿತು. ಶ್ರೀನಾಥನ ಕಂಪನಿಯ ಮೇಲೆ ಕೇಸು ಬಿತ್ತು. ದೂರ ನಿಂತಿದ್ದ ಜನ ತಿಥಿಯ ದಿನ ಒಬ್ಬೊಬ್ಬರಾಗಿ ಭದ್ರಮ್ಮನ ಅಂಗಳಕ್ಕೆ ಬಂದು ಊಟ ಮಾಡಿ ಹೋದರು. ಬಂದವರಿಗೆಲ್ಲ ಅವಳು ಸುಮ್ಮನೆ ಬಡಿಸಿದಳು.

ಗಂಗಾಮಣಿ ಎಲ್ಲರೂ ಹೋದ ಮೇಲೆ ಹೋದಳು. ಮಗಳು ಮಾನಸಾಳನ್ನು ಕಟ್ಟಿಕೊಂಡು ಚಂದ್ರಿಕಾ ತವರಿಗೇ ಬಂದುಬಿಟ್ಟಿದ್ದಳು. ಹುಡುಗಿ ಶಾಲೆಗೆ ಹೋಗುವುದಿಲ್ಲವೆಂದು ಗೋಡೆಗೆ ಮುಖ ಮಾಡಿ ಮಲಗಿತ್ತು.

“ಅವ್ವ, ನಿನ್ ಮಗನ ಹೆಸ್ರು ನಿಂಗೆ ಸಿಕ್ತು,” ಎಂದಳು ಚಂದ್ರಿಕಾ. ಮಾತಿನಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ನನ್ ಮಗೀನ ಇಸ್ಕೂಲಲ್ಲಿ ಕೇಳ್ತಾವ್ರೆ, ಯಾರ ಮಗಳು ನೀನು ಅಂತ. ಏನಂತ ಹೇಳ್ಲಿ ಅದು?”

ಭದ್ರಮ್ಮ ಹುಡುಗಿಯ ಬೆನ್ನು ಸವರಿದಳು. ಬಹಳ ಹೊತ್ತು ಸವರಿದಳು.

“ಭದ್ರಮ್ಮನ ಮೊಮ್ಮಗಳು ಅನ್ಲಿ,” ಎಂದಳು. “ಆ ಹೆಸ್ರು ಒಂದಾದ್ರೂ ಈಗ ಚೊಕ್ಕವಾಗೈತಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಅವಳ ದನಿ ಒಡೆಯಿತು. ಮಗ ಸತ್ತಾಗಿನಿಂದ ತಡೆದುಕೊಂಡಿದ್ದ ಅಳು ಒಮ್ಮೆಗೇ ನುಗ್ಗಿ ಬಂತು. ಚಂದ್ರಿಕಾ ಅವಳ ತೊಡೆಯ ಮೇಲೆ ತಲೆಯಿಟ್ಟಳು. ಗಂಗಾಮಣಿ ಸದ್ದಾಗದಂತೆ ಹೊರಗೆ ಬಂದು ಚಪ್ಪರದ ಕೆಳಗೆ ನಿಂತಳು. ಒಳಗೆ ತಾಯಿ ಅಳುತ್ತಿದ್ದಳು, ಮಗನಿಗಾಗಿ. ಮಗಳು ಅಳುತ್ತಿದ್ದಳು, ತಮ್ಮನಿಗೂ ಗಂಡನಿಗೂ.