ಒಂದ್ಸಲ ನಡೆದು ತೋರಿಸಿ

"ಒಂದ್ಸಲ ನಡೆದು ತೋರಿಸಿ," ಎಂದ ಮನೆ ಓನರ್.

ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಸೂಜಿ ಬ್ರೋಕರ್ ಮುಖ ನೋಡಿದಳು. ಬ್ರೋಕರ್ ಛಾವಣಿ ನೋಡಿದ.

"ಏನಂದ್ರಿ?"

"ಆ ಗೋಡೆಯಿಂದ ಈ ಗೋಡೆವರೆಗೆ. ಚಪ್ಪಲಿ ಹಾಕ್ಕೊಂಡೇ ನಡೀರಿ."

"ಅಲ್ಲ, ನಾನು ಮನೆ ನೋಡೋಕೆ ಬಂದೆ ಅಂದ್ಕೊಂಡಿದ್ದೆ. ನೀವು ನೋಡಿದ್ರೆ ನನ್ನನ್ನೇ ನೋಡೋಕೆ ಕೂತ ಹಾಗಿದೆ!"

ಓನರ್‌ನ ಕಿವಿ ಕೆಂಪಾಯಿತು. ವಯಸ್ಸಾದ ಗೊಣಗುಮಾರಿ ಇರಬಹುದೆಂದು ಎಣಿಸಿ ಬಂದವಳಿಗೆ, ತನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದಾದ ಈ ಮನುಷ್ಯನ ಕೆಂಪು ಕಿವಿ ಕಂಡು ನಗು ಬರುವುದರಲ್ಲಿತ್ತು. "ನಾನು ಕೆಳಗಿರ್ತೀನಿ. ನಡೀರಿ," ಎಂದವನೇ ಮೆಟ್ಟಿಲಿಳಿದು ಹೋದ.

ನಗು ಹಾರಿಹೋಗಿ ಸಿಟ್ಟು ನೆತ್ತಿಗೇರಿತು. ಮರದ ಹಲಗೆಯ ನೆಲದ ಮೇಲೆ ದಪದಪ ಹೆಜ್ಜೆ ಹಾಕಿದಳು.

"ಇನ್ನೊಂದ್ಸಲ! ಸ್ವಲ್ಪ ಮೆಲ್ಲಗೆ!" ಕೆಳಗಿನಿಂದ ಕೂಗು ಬಂತು.

"ನಾನು ಮೊದಲೇ ಹೇಳ್ಲಿಲ್ವಾ ಮೇಡಂ, ಭಾರೀ ಕಿರಿಕ್ ಆಸಾಮಿ ಅಂತ," ಎಂದು ಬ್ರೋಕರ್ ಪಿಸುಗುಟ್ಟಿದ. "ಬಂದವರೆಲ್ಲ ಇಷ್ಟಕ್ಕೇ ಕೈಮುಗಿದು ಹೋಗಿದ್ದಾರೆ."

ಕೈಮುಗಿದು ಹೋಗುವ ಸ್ಥಿತಿಯಲ್ಲಿ ಸೂಜಿ ಇರಲಿಲ್ಲ. ಆ ಹೆಸರಿಟ್ಟದ್ದು ಅಣ್ಣ. ಮೈಯೂ ಸಣ್ಣ, ಮಾತೂ ಚೂಪು ಎಂದು. ಅಣ್ಣನ ಮನೆಯ ಹಾಲ್‌ನಲ್ಲೇ ಅವಳ ಹೊಲಿಗೆ ಮಷೀನು, ಅದರ ಪಕ್ಕದಲ್ಲೇ ಅವಳ ಹಾಸಿಗೆ. ಈಗ ಅತ್ತಿಗೆಗೆ ಅವಳಿ ಮಕ್ಕಳು. ಮಷೀನು ತುಳಿದರೆ ಸಾಕು, ಒಂದು ಎದ್ದು ಅಳುತ್ತದೆ, ಅದರ ಅಳುವಿಗೆ ಇನ್ನೊಂದು. ಹೊಲಿಯಲು ಕೊಟ್ಟವರ ಗೌನು, ಶರಟುಗಳು ಕುರ್ಚಿಯ ಮೇಲೆ ಗುಡ್ಡೆ ಬಿದ್ದಿದ್ದವು. ಎಲ್ಲಿ ಮನೆ ಕೇಳಿದರೂ, "ಮಷೀನಾ? ಬೇಡಮ್ಮ, ಸದ್ದು" ಎಂದೇ ಉತ್ತರ. ದೂರದ ಊರಿನ ಗಾರ್ಮೆಂಟ್ಸ್‌ನವರು ಕೆಲಸ ಕೊಡುತ್ತೇವೆ, ಶನಿವಾರ ಸಂಜೆಯೊಳಗೆ ಹೇಳಿ ಎಂದಿದ್ದರು. ಹೂಂ ಎಂದರೆ ಮಷೀನು ಮಾರಬೇಕು. ಆಮೇಲೆ ಜನ್ಮವಿಡೀ ಬೇರೆಯವರ ಶರಟಿನ ಎಡಗೈ ತೋಳೊಂದನ್ನೇ ಹೊಲಿಯುತ್ತಾ ಕೂರಬೇಕು.

ಅದಕ್ಕೇ ಎರಡನೇ ಸಲ ಮೆಲ್ಲಗೆ ನಡೆದಳು.

ಅವನು ಮೇಲೆ ಬಂದ. "ಮಷೀನ್ ಇದೆಯಂತೆ?"

"ಇದೆ. ಅದಿಲ್ಲದೆ ನಾನೂ ಇಲ್ಲ."

ಬೇಡ ಎನ್ನಲಿಲ್ಲ! ನೆಲದ ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿ, "ತನ್ನಿ. ಎರಡು ದಿನ ಇಲ್ಲೇ ಹೊಲೀರಿ. ಕೇಳಿಸ್ಕೊಂಡು ಆಮೇಲೆ ಹೇಳ್ತೀನಿ," ಎಂದ.

ಮನೆಗೆ ಬಂದು ಹೇಳಿದಾಗ ಅತ್ತಿಗೆ ಹೌಹಾರಿದಳು. "ಆ ಗಡಿಯಾರ ರಿಪೇರಿಯವನ ಮನೆಗಾ? ಬೀದಿಯವರೆಲ್ಲ ಟಿಕ್‌ಟಿಕ್ ಅಂತ ಆಡ್ಕೊಳ್ತಾರೆ ಕಣೇ. ಯಾರನ್ನೋ ಜೋರಾಗಿ ಕೆಮ್ಮಿದ್ದಕ್ಕೇ ಬೇಡ ಅಂದನಂತೆ." ಮಗುವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡಳು, ಕಣ್ಣು ತುಂಬಿತು. "ನಾವು ನಿನ್ನ ಓಡಿಸ್ತಿದ್ದೀವಿ ಅಂತ ಮಾತ್ರ ಅಂದ್ಕೋಬೇಡ."

"ಅಯ್ಯೋ, ಬಿಡಿ ಅತ್ತಿಗೆ," ಎಂದಳು ಸೂಜಿ. ಮಗುವನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

ಶುಕ್ರವಾರ ಬೆಳಿಗ್ಗೆ ಅಣ್ಣ ಏದುಸಿರು ಬಿಡುತ್ತಾ ಮಷೀನು ಮೇಲಕ್ಕೆ ಹೊತ್ತ. ಮೆಟ್ಟಿಲ ಬುಡದಲ್ಲಿ ತೆರೆದಿದ್ದ ಬಾಗಿಲಿನಿಂದ ಸೂಜಿ ಒಳಗೆ ಇಣುಕಿದಳು. ಗೋಡೆಯ ತುಂಬಾ ಗಡಿಯಾರಗಳು, ಎಲ್ಲದರ ಲೋಲಕಗಳೂ ತಮ್ಮ ಪಾಡಿಗೆ ತೂಗುತ್ತಿದ್ದವು.

"ಮೇಲೆ ಯಾರಾದ್ರೂ ಧಡಧಡ ಓಡಾಡಿದ್ರೆ ಗೋಡೆ ಅದುರಿ ಇವು ನಿಂತುಬಿಡ್ತವೆ," ಎಂದ ಅವನು, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆ.

"ಇದನ್ನ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತಾ?"

"ಯಾರೂ ಕೇಳ್ಲಿಲ್ಲ."

ಎಂಥ ಮನುಷ್ಯನಪ್ಪಾ! ಸೂಜಿ ಮೇಲೆ ಹೋಗಿ ಮಷೀನಿನ ಕಾಲುಗಳಡಿ ಕಂಬಳಿ ಮಡಿಸಿ ಇಟ್ಟಳು. ಉಸಿರು ಬಿಗಿಹಿಡಿದು, ಒಂದೊಂದೇ ಹೊಲಿಗೆ ಹಾಕತೊಡಗಿದಳು. ಗೌನಿನ ಅಂಚು ಅರ್ಧ ಮುಗಿದಿರಲಿಲ್ಲ, ಅವನು ಬಾಗಿಲಲ್ಲಿ ನಿಂತಿದ್ದ.

"ಯಾಕೆ ಕಳ್ಳತನ ಮಾಡೋ ಹಾಗೆ ಹೊಲೀತಿದ್ದೀರಿ?"

"ನನಗೆ ಈ ಮನೆ ಬೇಕು, ಅದಕ್ಕೆ."

"ಎರಡು ದಿನ ಸುಳ್ಳು ಸದ್ದು ಕೇಳಿಸಿ ಮೂರನೇ ದಿನ ನಿಜವಾದ್ದು ಶುರುಮಾಡಿದ್ರೆ ಇಬ್ಬರಿಗೂ ಕಷ್ಟ. ದಿನಾ ಹೇಗೆ ಹೊಲೀತೀರೋ ಹಾಗೇ ಹೊಲೀರಿ."

ಕಂಬಳಿ ಎಳೆದು ಮೂಲೆಗೆಸೆದಳು. ತುಳಿದಳು ನೋಡಿ! ಮನೆ ನೋಡಲು ಬಂದ ದಿನದಿಂದ ನುಂಗಿಕೊಂಡ ಸಿಟ್ಟೆಲ್ಲ ಕಾಲಿಗಿಳಿಯಿತು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಆಮೇಲೆ ಮಂಡಿಯೂರಿ ಕೂತು, "ಎಡಗಡೆ ಕುಂಟ್ತಿದೆ," ಎಂದು ಜೇಬಿನಿಂದ ಪುಟ್ಟ ಎಣ್ಣೆ ಶೀಸೆ ತೆಗೆದು ಪೆಡಲಿನ ಕೀಲಿಗೆ ಎರಡು ಹನಿ ಬಿಟ್ಟ. ತುಳಿದು ನೋಡಿದರೆ ಮಷೀನು ಹಗುರಾಗಿತ್ತು. ಅದು ಕುಂಟುತ್ತಿದ್ದದ್ದು ಅವಳ ಕಾಲಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅವಳಿಗೇ ತಿಳಿದಿರಲಿಲ್ಲ.

ಬಗ್ಗಿದ್ದವನ ಶರಟಿನ ಬಲಭುಜದ ಹೊಲಿಗೆ ಬಿಟ್ಟುಕೊಂಡಿತ್ತು. ಕಂಡ ಮೇಲೆ ಅವಳಿಗೆ ಸುಮ್ಮನಿರಲಾಗಲಿಲ್ಲ.

"ಬಲಗೈ ಎತ್ತಿ."

"ಯಾಕೆ?"

"ಎತ್ತಿ ಅಂದ್ರೆ ಎತ್ತಿ. ನೀವು ಹೇಳಿದಾಗ ನಾನು ನಡೆದು ತೋರಿಸ್ಲಿಲ್ವಾ?"

ಅವನು ಎತ್ತಿದ. ಅವಳು ದಾರ ಪೋಣಿಸಿ ಹತ್ತಿರ ಬಂದಳು. "ಅಲ್ಲಾಡಬೇಡಿ, ಸೂಜಿ ಚುಚ್ಚುತ್ತೆ."

"ಗೊತ್ತು. ನಿಮ್ಮಣ್ಣ ಹೆಸರು ಹೇಳಿದ್ರು."

ನಗಬಾರದೆಂದು ತುಟಿ ಕಚ್ಚಿದಳು. ಕೊನೆಯ ಗಂಟು ಹಾಕಿ, ಅಭ್ಯಾಸಬಲದಿಂದ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು. ಅವಳ ಕೆನ್ನೆಗೆ ಅವನ ಭುಜದ ಬಿಸಿ ತಾಗಿತು. ಅಷ್ಟರಲ್ಲಿ ಕೆಳಗೆ ಗಡಿಯಾರಗಳು ಒಂದಾದ ಮೇಲೊಂದು ಗಂಟೆ ಹೊಡೆಯತೊಡಗಿದವು. ಮುಗಿಯುವವರೆಗೆ ಇಬ್ಬರೂ ಅಲ್ಲಾಡಲಿಲ್ಲ. ಅವನು ಅವಳ ಕಣ್ಣು ನೋಡುತ್ತಿದ್ದ. ಅವಳು ಅವನ ಕಾಲರ್ ಗುಂಡಿ ನೋಡುತ್ತಿದ್ದಳು, ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಶನಿವಾರ ಅವನು ಮೇಲೆ ಬರಲೇ ಇಲ್ಲ.

ಸೂಜಿ ಮನಸಾರೆ ಹೊಲಿದಳು. ಮಧ್ಯೆ ಮಧ್ಯೆ ನಿಲ್ಲಿಸಿ ಮೆಟ್ಟಿಲ ಕಡೆ ಕಿವಿಗೊಟ್ಟಳು. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಗಾರ್ಮೆಂಟ್ಸ್‌ನವರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಮನೆ ಸಿಗದಿದ್ದರೆ ಎನ್ನುವ ಹೆದರಿಕೆ ಒಂದು ಕಡೆ. ಸಿಕ್ಕರೆ, ಆ ಮುಖವನ್ನು ದಿನಾ ಮೆಟ್ಟಿಲ ಬುಡದಲ್ಲಿ ನೋಡಿ ಸುಮ್ಮನೆ ದಾಟಿಹೋಗುವುದು ಹೇಗೆ ಎನ್ನುವ ಹೆದರಿಕೆ ಇನ್ನೊಂದು ಕಡೆ. ಕೊನೆಗೆ ತಡೆಯಲಾರದೆ ಕೆಳಗಿಳಿದಳು.

ಅವನು ಬೆನ್ನು ತಿರುಗಿಸಿಕೊಂಡೇ ಹೇಳಿದ. "ಈ ಮನೆ ನಿಮಗೆ ಕೊಡೋಕಾಗಲ್ಲ."

ಅವಳು ಒಳಗೆ ಬಂದಳು. "ಸದ್ದಾ?"

"ಸದ್ದಲ್ಲ."

"ಮತ್ತೆ? ಎರಡು ದಿನ ನನ್ನ ಆಟ ಆಡಿಸಿದ್ರಾ? ಬೀದಿಯವರು ನಿಮ್ಮ ಬಗ್ಗೆ ಹೇಳೋದು ಸುಳ್ಳು ಅಂತ ನಿನ್ನೆ ರಾತ್ರಿ ನಮ್ಮತ್ತಿಗೆ ಹತ್ರ ವಾದ ಮಾಡಿ ಬಂದಿದ್ದೀನಿ ಕಣ್ರೀ!"

ಅವನು ತಿರುಗಿದ. ಕೈಯಲ್ಲೊಂದು ಮೇಜಿನ ಗಡಿಯಾರವಿತ್ತು. "ಇದನ್ನ ನೋಡಿ. ಟೈಮ್‌ಗಿಂತ ಮುಂದೆ ಓಡ್ತಿದೆ. ನಾನು ಕಿವಿಯಲ್ಲೇ ಟಿಕ್ ಕೇಳಿ ಸರಿಮಾಡೋನು. ಬೆಳಿಗ್ಗೆ ಇದನ್ನ ಕೂಡಿಸ್ತಾ ಕೂತಿದ್ದೆ, ಮೇಲೆ ನಿಮ್ಮ ಮಷೀನು. ಗೊತ್ತೇ ಆಗದೆ ಅದರ ಲಯಕ್ಕೆ ಕೂಡಿಸಿಬಿಟ್ಟಿದ್ದೀನಿ. ಕೆಲಸ ಕಲಿತ ಮೇಲೆ ಇಂಥ ತಪ್ಪು ಮಾಡಿದೋನಲ್ಲ." ಗಡಿಯಾರವನ್ನು ಮೆಲ್ಲಗೆ ಕೆಳಗಿಟ್ಟ. "ನಿಮ್ಮ ಮಷೀನ್ ನಿಂತಾಗೆಲ್ಲ ನನ್ನ ಕೈಯೂ ನಿಲ್ತಿತ್ತು."

ಸೂಜಿ ಗಡಿಯಾರವನ್ನೆತ್ತಿ ಕಿವಿಗೆ ಹಿಡಿದಳು. ಅವಳ ಮಷೀನಿನದೇ ಲಯ.

"ನೀವು ಇಲ್ಲಿಗೆ ಬಂದ್ರೆ, ನೀರು ಬರ್ತಿದೆಯಾ, ಲೈಟ್ ಉರೀತಿದೆಯಾ ಅಂತ ನೆಪ ತೆಗೆದು ದಿನಾ ಮೇಲೆ ಬರ್ತೀನಿ. ಓನರ್ ಬಂದ ಅಂತ ನೀವು ಬಾಗಿಲು ತೆಗೀಲೇಬೇಕು. ಇಷ್ಟ ಇಲ್ಲದಿದ್ರೂ ಹೇಳೋಕೆ ಭಯ, ಎಲ್ಲಿ ಮನೆ ಹೋಗುತ್ತೋ ಅಂತ. ಹಾಗೆ ಹೆದರ್ಕೊಂಡು ಅಂದ ಹೂಂ ಇಟ್ಕೊಂಡು ನಾನೇನು ಮಾಡ್ಲಿ?"

ಅವಳ ಕೈಯಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಗಾರ್ಮೆಂಟ್ಸ್‌ನವರು. ಅವಳು ಅವನನ್ನೇ ನೋಡುತ್ತಾ ಎತ್ತಿದಳು.

"ಇಲ್ಲ ಸರ್. ನಾನು ಬರಲ್ಲ. ನನ್ನ ಮಷೀನಿಗೆ ಜಾಗ ಸಿಕ್ಕಿದೆ."

ಅವನು ಕಕ್ಕಾಬಿಕ್ಕಿಯಾಗಿ ನಿಂತ. "ಎಲ್ಲಿ?"

"ಮೇಲೆ. ಮನೆ ಕೊಡಬೇಡಿ, ಮಷೀನಿಗೆ ಮಾತ್ರ ಕೊಡಿ. ನಮ್ಮನೇಲಿ ಮಕ್ಕಳಿಗೆ ಆಗದೇ ಇರೋದು ಮಷೀನು, ನಾನಲ್ಲ. ಮಷೀನ್ ಜೊತೆ ನಾನೂ ಹೊರಡಬೇಕು ಅಂದ್ಕೊಂಡಿದ್ದೆ ಅಷ್ಟೆ. ಬೆಳಿಗ್ಗೆ ಬರ್ತೀನಿ, ಹೊಲೀತೀನಿ, ಸಂಜೆ ಬೀಗ ಹಾಕ್ಕೊಂಡು ಅಣ್ಣನ ಮನೆಗೆ ಹೋಗ್ತೀನಿ. ಬೀಗದ ಕೈ ನನ್ನ ಹತ್ರ ಮಾತ್ರ ಇರಬೇಕು. ಮೂರು ವರ್ಷಕ್ಕೆ ಅಗ್ರಿಮೆಂಟ್ ಬರ್ಕೊಡಿ. ನಾನು ಊಹೂಂ ಅಂದ್ರೂ ಮಷೀನ್ ಅಲ್ಲಾಡಲ್ಲ, ತಿಳೀತಾ?"

"ಊಹೂಂ ಅಂತೀರಾ?" ಅವನ ದನಿ ಇಳಿದುಹೋಗಿತ್ತು.

"ಇಲ್ಲಿ ಏನೂ ಅನ್ನಲ್ಲ. ಇದು ನಿಮ್ಮ ಮನೆ." ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ನೋಡಿದಳು. "ಕೇಳೋದೇನಾದ್ರೂ ಇದ್ರೆ ನಾಳೆ ಅಣ್ಣನ ಮನೆಗೆ ಬಂದು ಬಾಗಿಲು ತಟ್ಟಿ. ಅಲ್ಲಿ ನೀವು ಓನರ್ ಅಲ್ಲ. ತೆಗೆಯೋದೂ ಬಿಡೋದೂ ನನ್ನಿಷ್ಟ."

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹಾಲ್‌ನಲ್ಲಿ ಮಷೀನಿದ್ದ ಜಾಗದಲ್ಲಿ ಮಕ್ಕಳ ತೊಟ್ಟಿಲು ಬಂದಿತ್ತು. ಅಣ್ಣ ಏಳಹೋದ. "ಕೂತ್ಕೋ ಅಣ್ಣ, ನಾನು ತೆಗೀತೀನಿ," ಎಂದಳು ಸೂಜಿ. ಎದ್ದು ಬಾಗಿಲವರೆಗೆ ಹೋದವಳು ಸ್ವಲ್ಪ ಹೊತ್ತು ತೆಗೆಯದೇ ನಿಂತಳು. ಅತ್ತಿಗೆ ಗಂಡನ ಮುಖ ನೋಡಿದಳು. ಹೊರಗಿದ್ದವನಿಗೆ ಇನ್ನೊಂದು ಸಲ ತಟ್ಟುವ ಧೈರ್ಯ ಇದ್ದಂತಿರಲಿಲ್ಲ.

ತೆಗೆದಳು. ಅವನು ಬರಿಗೈಯಲ್ಲಿ ನಿಂತಿದ್ದ. ಅವಳು ಹೊಲಿದುಕೊಟ್ಟ ಅದೇ ಶರಟು, ಇಸ್ತ್ರಿ ಮಾಡಿದ್ದು. "ನೆಪ ಏನೂ ತಂದಿಲ್ಲ," ಎಂದ. "ನೀವಂದ್ರೆ ನನಗಿಷ್ಟ. ಅದನ್ನ ಹೇಳೋಕೆ ಬಂದೆ."

ಅವಳು ಬಾಗಿಲಿಗೆ ಒರಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆ ಗೇಟಿನಿಂದ ಈ ಮೆಟ್ಟಿಲವರೆಗೆ," ಎಂದಳು, "ಒಂದ್ಸಲ ನಡೆದು ತೋರಿಸಿ."

ಅವನ ಕಿವಿ ಕೆಂಪಾಯಿತು. ಮರುಮಾತಾಡದೆ ಗೇಟಿನವರೆಗೆ ಹೋಗಿ, ತಿರುಗಿ ನಡೆದು ಬಂದ. ಎದುರು ಮನೆಯವರು ಕಿಟಕಿಗೆ ಬಂದು ನೋಡಿದರು.

"ಇನ್ನೊಂದ್ಸಲ. ಸ್ವಲ್ಪ ಮೆಲ್ಲಗೆ. ಮಕ್ಕಳು ಮಲಗಿದ್ದಾವೆ."

ಎರಡನೇ ಸಲ ಅವನು ಮೆಲ್ಲಗೆ, ಅವಳನ್ನೇ ನೋಡುತ್ತಾ ಬಂದ. ಸೂಜಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

"ಹೂಂ," ಎಂದಳು.