ಕಾಗದದ ಮಂಗಟ್ಟೆ

ಹೋದ ವರ್ಷ ಶಶಿಪ್ರಭಾ ಇಪ್ಪತ್ತಾರು ದಿನ ಹಕ್ಕಿಯ ಗೂಡು ಕಾದಿದ್ದಳು. ಇಪ್ಪತ್ತೇಳನೆಯ ದಿನ ಜ್ವರ ಬಂದು ಚಾಪೆ ಬಿಟ್ಟು ಏಳಲಾಗಲಿಲ್ಲ. ಮರುದಿನ ಕಂಬಳಿ ಹೊದ್ದುಕೊಂಡೇ ಮರದ ಹತ್ತಿರ ಹೋದಳು. ಆದರೂ ಶಿಬಿರದ ವರದಿ ಅಚ್ಚಾಗಿ ಬಂದಾಗ ಅದರಲ್ಲಿ ಅವಳ ಮರವೂ ಇರಲಿಲ್ಲ, ಹೆಸರೂ ಇರಲಿಲ್ಲ. "ಒಂದು ದಿನ ತಪ್ಪಿದ್ರೆ ಆ ಮರವನ್ನೇ ಬಿಡಬೇಕಾಗ್ತದೆ, ಶಶಿ. ಏನು ಮಾಡುವುದು?" ಎಂದಿದ್ದರು ರಮಾನಾಥ ಮಾಸ್ಟ್ರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ಮೂಡುಬಿದಿರೆಯ ಮನೆಯಲ್ಲಿ ಚಿಕ್ಕಪ್ಪ ಊಟಕ್ಕೆ ಕೂತವರೆಲ್ಲ ನಗುವಂತೆ ಕೇಳಿದ್ದರು: "ಸಂಬಳ ಇಲ್ಲ, ಹೆಸರೂ ಇಲ್ಲ. ಆ ಹಕ್ಕಿಗಾದ್ರೂ ನಿನ್ನ ಗುರ್ತ ಉಂಟಾ?"

ಆ ಮಾತನ್ನು ಹೊತ್ತುಕೊಂಡೇ ಅವಳು ೧೯೬೪ರ ಬೇಸಿಗೆಯಲ್ಲಿ ಮತ್ತೆ ಶಿಬಿರಕ್ಕೆ ಬಂದಳು. ಕಕ್ಕಿಂಜೆಯಿಂದ ಮೇಲೆ, ಚಾರ್ಮಾಡಿಯ ಕಾಡಿನ ಅಂಚಿನಲ್ಲಿ ಮೂರು ಹುಲ್ಲಿನ ಬಿಡಾರ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ರಮಾನಾಥ ಮಾಸ್ಟ್ರು, ಎಲ್ಲರಿಗೂ ಅಡಿಗೆ ಮಾಡಿ ಹಾಕುವ ಅವರ ಹೆಂಡತಿ ಪದ್ಮಾಕ್ಷಮ್ಮ, ಮರ ಹತ್ತುವ ಡೊಂಬಯ್ಯ, ಬಂಟ್ವಾಳದಿಂದ ಬಂದ ಕಾಂತಿ. ಕಾಂತಿಯೂ ಶಶಿಯ ಹಾಗೆ ತನ್ನಿಷ್ಟದಿಂದಲೇ ಬಂದವಳು.

ಕೆಲಸ ಮಂಗಟ್ಟೆ ಹಕ್ಕಿಯ ಗೂಡು ಕಾಯುವುದು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೊಕ್ಕು, ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡು, ಕೊಕ್ಕಿನ ತುದಿ ಹೊರಬರುವಷ್ಟೇ ಸೀಳು ಉಳಿಸಿಕೊಳ್ಳುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರಿಹೋಗುತ್ತವೆ. ಮರಿ ಬೆಳೆಯುವ ತನಕ ಗಂಡು ತಂದುಕೊಟ್ಟರೆ ಊಟ, ಇಲ್ಲವಾದರೆ ಇಲ್ಲ. ನಲವತ್ತು ದಿನ, ಬೆಳಗಿನಿಂದ ಸಂಜೆ ನಾಲ್ಕರ ತನಕ, ಗಂಡು ಎಷ್ಟು ಸಲ ಬಂತು, ಯಾವ ಹಣ್ಣು ತಂತು ಎಂದು ಬರೆಯಬೇಕು. ಗೂಡಿನ ಕೆಳಗೆ ಗೋಣಿ ಹಾಸಿ, ಬಿದ್ದ ಬೀಜ, ಸಿಪ್ಪೆ, ಹಣ್ಣಿನ ಚೂರುಗಳನ್ನು ಸಂಜೆ ಗೋಣಿಯ ಮೂಲೆ ಹಿಡಿದೆತ್ತಿ ಹಾಗೆಯೇ ಕಾಗದದ ಪೊಟ್ಟಣಕ್ಕೆ ಸುರಿದು ತಾರೀಕು ಹಾಕಬೇಕು.

ಶಶಿಗೆ ಆ ಗಂಡು ಹಕ್ಕಿ ಹೊಸಬನಲ್ಲ. ಏಳು ಬೆಟ್ಟದಾಚೆಯ ಮಣ್ಣಿನ ಗೋಪುರದಲ್ಲಿದ್ದ ಹೆಂಡತಿಗೆ ದಿನಕ್ಕೊಂದು ಹಣ್ಣು ಒಯ್ಯುವ ರಾಜಕುಮಾರನ ಕತೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದರೋ. ಆ ಕತೆಯ ರಾಜಕುಮಾರ ಒಂದು ದಿನವೂ ತಪ್ಪಿದವನಲ್ಲ.

ಇಪ್ಪತ್ತಮೂರನೆಯ ಬೆಳಿಗ್ಗೆ ಡೊಂಬಯ್ಯ ಎಂದಿನಂತೆ ಅವಳನ್ನು ಹಳ್ಳದ ತನಕ ಬಿಟ್ಟು ಕಾಂತಿಯೊಡನೆ ಇನ್ನೊಂದು ಮರದ ಕಡೆಗೆ ಹೋದ. ಹಳ್ಳ ದಾಟುವಾಗ ಶಶಿಯ ಕಾಲು ಉಳುಕಿತು. ಮೇಲಿನ ಏರು ಹತ್ತುವುದು ಸಾಧ್ಯವೇ ಇರಲಿಲ್ಲ. ದಡದ ಆಲದ, ಆ ಊರಿನ ಮಾತಿನಲ್ಲಿ ಗೋಳಿಮರದ, ಕೆಳಗೆ ಕಾಲು ಚಾಚಿ ಕೂತು ಅವಳು ಅತ್ತಳು. ಆಮೇಲೆ ಅಳು ನಿಂತಿತು. ಪುಸ್ತಕ ತೊಡೆಯ ಮೇಲೆಯೇ ಇತ್ತು. ಇಪ್ಪತ್ತೆರಡು ದಿನ ನೋಡಿದ ಮೇಲೆ ಇಪ್ಪತ್ತಮೂರನೆಯದು ಹೇಗಿರುತ್ತದೆಂದು ಅವಳಿಗೆ ತಿಳಿಯದೆ?

ಯೋಚಿಸಿದಷ್ಟೂ ಅದು ಸುಲಭವಾಗಿ ಕಂಡಿತು. ಹಕ್ಕಿ ಬೆದರಬಾರದೆಂದು, ಕಾಯುವವರ ಹೊರತು ಬೇರೆ ಯಾರೂ ಆ ಮರದ ಹತ್ತಿರ ಹೋಗಬಾರದೆಂಬ ನಿಯಮ ಮಾಸ್ಟ್ರದೇ. ಕಾಲು ಸಂಜೆ ಇಳಿಯುವಾಗ ಉಳುಕಿದ್ದೆಂದು ಹೇಳಿದರಾಯಿತು. ಸಾಕ್ಷಿ ಇರುವುದು ಎರಡೇ, ಪುಸ್ತಕ ಮತ್ತು ಪೊಟ್ಟಣ. ಎರಡೂ ಅವಳ ಕೈಯಲ್ಲೇ ಇದ್ದವು.

ಅವಳು ಅವಸರ ಮಾಡಲಿಲ್ಲ. ಹಳೆಯ ಪುಟಗಳನ್ನು ತಿರುವಿ, ಮಂಜಿದ್ದ ದಿನ ಹಕ್ಕಿ ತಡವಾಗಿ ಬರುವುದನ್ನು, ಮಧ್ಯಾಹ್ನ ಎರಡು ಗಂಟೆ ಬಿಡುವು ಕೊಡುವುದನ್ನು ಗುರುತಿಸಿಕೊಂಡಳು. ಒಂದು ದಿನ ಹದಿಮೂರು ಸಲ ಬಂದಿದ್ದರೆ ಮರುದಿನ ಹನ್ನೊಂದು. ಒಂದು ಹೊತ್ತಿನ ಲೆಕ್ಕವನ್ನು ಬೇಕೆಂದೇ ಹೊಡೆದು ತಿದ್ದಿದಳು, ಅವಸರದಲ್ಲಿ ಬರೆದಂತೆ ಕಾಣಲಿ ಎಂದು. ಪೊಟ್ಟಣಕ್ಕಾಗಿ ಹಳ್ಳದ ಬದಿಯಲ್ಲೇ ರಾಂಪತ್ರೆ, ನೇರಳೆ, ಬೈನೆ ಆಯ್ದಳು. ಹಣ್ಣು ಬಿಡಿಸಿ, ಒಳಗೆ ಜೀವ ಇಲ್ಲವೆಂದು ನೋಡಿ, ತಿರುಳು ತೆಗೆದು, ಬೀಜವನ್ನು ತೊಳೆದು ಬಂಡೆಯ ಮೇಲೆ ಒಣಗಿಸಿದಳು. ಪೊಟ್ಟಣದಲ್ಲಿ ಇದ್ದದ್ದೇ ಪುಸ್ತಕದಲ್ಲಿ, ಪುಸ್ತಕದಲ್ಲಿ ಇದ್ದದ್ದೇ ಪೊಟ್ಟಣದಲ್ಲಿ. ಒಂದಕ್ಕೊಂದು ಹೊಂದದೆ ಸಿಕ್ಕಿಬೀಳುವ ದಡ್ಡತನ ಅವಳಲ್ಲಿರಲಿಲ್ಲ.

ಸಂಜೆ ಕಾಂತಿ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು: "ಎಂಥ ಮಾರಾಯ್ತಿ, ನಿನ್ನ ಗಂಡ ಇವತ್ತು ಎಷ್ಟು ಸಲ ಬಂದ?"

"ಹದಿಮೂರು."

"ಪುಣ್ಯವಂತೆ! ನನ್ನವ ಬರೀ ಒಂಬತ್ತು. ಸೋಮಾರಿ. ಅವನ ಹೆಂಡತಿ ಒಳಗಿಂದ್ಲೇ ಬೈಯುವುದು ಕೇಳ್ತದೆ."

ಶಶಿ ನಕ್ಕಳು. ಕಾಂತಿಯ ಬೆರಳು ಬಾವಿನ ಮೇಲೆ ಮೆಲ್ಲನೆ ಆಡುತ್ತಿತ್ತು. ಕಾಲನ್ನು ಎಳೆದುಕೊಳ್ಳಬೇಕೆನಿಸಿತು, ನೋವಿಗಲ್ಲ.

ಕೋಲೂರಿ ಮೆಲ್ಲನೆ ಏರು ಹತ್ತುತ್ತೇನೆಂದು ಅವಳು ಎಲ್ಲರನ್ನೂ ನಂಬಿಸಿದಳು. ಐದು ದಿನದಲ್ಲಿ ಕಾಲು ಗುಣವಾಯಿತು. ಆರನೆಯ ದಿನ ಅವಳು ಮೇಲೆ ಹೋಗಬಹುದಿತ್ತು. ಹೋಗಲಿಲ್ಲ. ಅವಳಿಗೆ ಆಮೇಲೆ ಎಷ್ಟು ತೊಳೆದರೂ ಹೋಗದೆ ಉಳಿದದ್ದು ಇದೊಂದು. ಕಾಗದದ ಹಕ್ಕಿ ಕಾಡಿನ ಹಕ್ಕಿಗಿಂತ ಚೆನ್ನಾಗಿತ್ತು. ಅದು ಕಾಯಿಸುತ್ತಿರಲಿಲ್ಲ, ಎಲೆಯ ಮರೆಗೆ ಹೋಗುತ್ತಿರಲಿಲ್ಲ, ಬರಬೇಕಾದಾಗ ಬರುತ್ತಿತ್ತು. ಇನ್ನು ಹನ್ನೆರಡೇ ದಿನ, ಹೇಗೂ ಎಲ್ಲ ಸರಿಯಾಗಿ ನಡೆದಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಹಾಗೆ ಹದಿನೇಳು ದಿನ ಅವಳು ಗೋಳಿಮರದ ನೆರಳಿನಲ್ಲಿ ಕೂತು ಬರೆದಳು. ಕುಡಿಯುವ ನೀರನ್ನು ಮನೆಯಲ್ಲಿ ಕಲಿತಂತೆ ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯದಿರಲೆಂದು ಅದನ್ನು ಮತ್ತೆ ಅದೇ ಹಳ್ಳದಲ್ಲಿ ಅದ್ದಿ ತೆಗೆಯುತ್ತಿದ್ದಳು. ಮರದಿಂದ ಕೆಂಪು ಹಣ್ಣು ಪುಸ್ತಕದ ಮೇಲೆ ಬಿದ್ದರೆ ಒಂದು ಎಲೆಯಿಂದ ಮೆಲ್ಲನೆ ಸರಿಸುತ್ತಿದ್ದಳು. ಸೂರ್ಯ ಮುಳುಗುವ ಮೊದಲೇ ಪದ್ಮಾಕ್ಷಮ್ಮ ಅವಳೊಬ್ಬಳಿಗೆ ಬೇರೆಯಾಗಿ ಬಡಿಸುತ್ತಿದ್ದರು. "ನಿನ್ನಷ್ಟು ನೇಮದವಳು ಬಿಡಾರದಲ್ಲಿ ಬೇರೆ ಇಲ್ಲ, ಮಗಾ," ಎಂದು ಅವರು ಒಮ್ಮೆ ಹೇಳಿದಾಗ ಅವಳು ಎಲೆಯಿಂದ ತಲೆಯೆತ್ತಲಿಲ್ಲ.

ನಲವತ್ತನೆಯ ದಿನ ಎಲ್ಲರೂ ಒಟ್ಟಿಗೆ ಮರ ನೋಡಲು ಹೋಗುವುದು ಶಿಬಿರದ ಪದ್ಧತಿ. ಶಶಿ ಅದಕ್ಕೂ ತಯಾರಿದ್ದಳು. ಹಿಂದಿನ ಸಂಜೆಯೇ ಒಬ್ಬಳೇ ಓಡಿ ಹೋಗಿ, ಹಳೆಯ ಗೋಣಿ ಕೊಡವಿ, ಹೊಸದಾಗಿ ಹಾಸಿ, ಮೇಲೆ ಕಣ್ಣೆತ್ತಿಯೂ ನೋಡದೆ ಓಡಿ ಬಂದಿದ್ದಳು. ಬೆಳಿಗ್ಗೆ ಎಲ್ಲರೂ ಬಿದಿರಿನ ಮರೆಯಲ್ಲಿ ಕೂತರು. ಏಳಾಯಿತು, ಒಂಬತ್ತಾಯಿತು. ಗಂಡು ಬರಲಿಲ್ಲ. ಅವಳಿಗೆ ಮೊದಲು ಅನಿಸಿದ್ದು ಭಯವಲ್ಲ, ಹಕ್ಕಿಯ ಮೇಲೆ ಮುನಿಸು. ಹನ್ನೊಂದಕ್ಕೆ ಡೊಂಬಯ್ಯ ಕಾಂಡಕ್ಕೆ ಕಿವಿಯಿಟ್ಟು, "ಧನಿ, ಒಳಗೆ ಶಬ್ದ ಉಂಟು. ಆದ್ರೆ ಶಬ್ದದಲ್ಲಿ ಬಲ ಇಲ್ಲ," ಎಂದ.

ಅವನು ಹತ್ತಿ ಮಣ್ಣಿನ ಗೋಡೆ ಒಡೆದ. ಮರಿ ಸತ್ತಿತ್ತು. ತಾಯಿಯನ್ನು ಮುಂಡಾಸಿನಲ್ಲಿ ಸುತ್ತಿ ಇಳಿಸಿ ಮಾಸ್ಟ್ರ ಕೈಗಿಟ್ಟಾಗ ಅವರು, "ಏನೂ ಭಾರವೇ ಇಲ್ಲವಲ್ಲ," ಎಂದರು. ಹಾರಲು ಗರಿಯಿಲ್ಲದ ಆ ಹಕ್ಕಿ ಒಂದು ಕಣ್ಣು ತೆರೆದು ಶಶಿಯ ಕಡೆಗೆ ನೋಡಿತು, ಅಥವಾ ಅವಳಿಗೆ ಹಾಗೆ ಕಂಡಿತು. ಬಿಡಾರಕ್ಕೆ ತಂದು ಪದ್ಮಾಕ್ಷಮ್ಮ ಬಾಳೆಹಣ್ಣು ಕಿವುಚಿ ಕೊಕ್ಕಿಗೆ ಹಚ್ಚಿದರು. ಊಟದ ಹೊತ್ತಿಗೆ ಅದೂ ಸತ್ತಿತು.

"ಗಂಡು ನಿನ್ನೆ ಬಂದಿತ್ತಲ್ಲ, ಶಶಿ?" ಎಂದು ಮಾಸ್ಟ್ರು ಕೇಳಿದರು.

"ಬಂದಿತ್ತು ಸರ್. ಹನ್ನೆರಡು ಸಲ." ಇಲ್ಲವೆನ್ನಲು ಅದೊಂದು ಗಳಿಗೆ ಅವಳಿಗೆ ಸಿಕ್ಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬರುವ ವರದಿಯಲ್ಲಿ ಅಚ್ಚಾಗಲಿರುವ ತನ್ನ ಹೆಸರು ಕಣ್ಣ ಮುಂದೆ ಬಂದು, ಬಾಯಿ ಹನ್ನೆರಡು ಎಂದುಬಿಟ್ಟಿತು.

ಮಾಸ್ಟ್ರು ಅವಳನ್ನು ಸಂಶಯಿಸಲೇ ಇಲ್ಲ. ಹಕ್ಕಿಯನ್ನು ಸಂಶಯಿಸಿದರು. ಒಂದು ದಿನದ ಹಸಿವಿಗೆ ಯಾವ ಹಕ್ಕಿಯೂ ಇಷ್ಟು ಸೊರಗುವುದಿಲ್ಲ, ಹಾಗಾದರೆ ಗಂಡು ಬಂದರೂ ತಂದದ್ದು ಸಾಲದೆ ಹೋಗಿರಬೇಕು, ಪೊಟ್ಟಣ ನೋಡುವ ಎಂದರು. ನೋಡಲಿ ಎಂದುಕೊಂಡಳು ಅವಳು. ಪೊಟ್ಟಣದಲ್ಲಿ ತಪ್ಪಿರಲಿಲ್ಲ.

ಮಾಸ್ಟ್ರು ಮೂವತ್ತೊಂಬತ್ತು ದಿನದ ಪೊಟ್ಟಣಗಳನ್ನು ಚಾಪೆಯ ಮೇಲೆ ಸಾಲಾಗಿ ಬಿಚ್ಚಿಟ್ಟರು. ಮೊದಲ ಇಪ್ಪತ್ತೆರಡರಲ್ಲಿ ರಾಂಪತ್ರೆ, ನೇರಳೆ, ಬೈನೆಗಳ ಜೊತೆ ಒಣಗಿದ ಕೆಂಪು ಸಿಪ್ಪೆ ಹಿಡಿ ಹಿಡಿ ಇತ್ತು. ಇಪ್ಪತ್ತಮೂರರಿಂದ ಆಚೆಗೆ ಬೀಜಗಳು ತೊಳೆದಿಟ್ಟಂತೆ ಹೊಳೆಯುತ್ತಿದ್ದವು, ಕೆಂಪು ಮಾತ್ರ ಇರಲಿಲ್ಲ. "ಗೋಳಿ ಹಣ್ಣು ಒಂದೂ ಇಲ್ಲವಲ್ಲ, ಹಳ್ಳದ ಬದಿಯ ಮರ ಇನ್ನೂ ತುಂಬಿ ಸುರೀತಾ ಉಂಟು," ಎಂದು ಮಾಸ್ಟ್ರು ಗೊಣಗಿಕೊಂಡರು. ಬಾಗಿಲಲ್ಲಿ ಕೂತು ಮುಂಡಾಸಿಗೆ ಅಂಟಿದ ಹಕ್ಕಿಯ ಗರಿ ತೆಗೆಯುತ್ತಿದ್ದ ಡೊಂಬಯ್ಯ, ಬೆಳಿಗ್ಗೆಯಿಂದ ಯಾರೂ ನಗದ ಆ ಬಿಡಾರದಲ್ಲಿ ಒಂದಿಷ್ಟು ನಗಿಸುವ ಎಂದು ತಲೆಯೆತ್ತಿ ಹೇಳಿದ: "ಅದರೊಳಗೆ ಹುಳ ಇರ್ತದೆ ಅಂತ ಗೋಳಿ ಹಣ್ಣು ಮುಟ್ಟದವರು ನಮ್ಮ ಶಶಿಯಮ್ಮನ ಜೈನರು ಮಾತ್ರ, ಧನಿ. ಮಂಗಟ್ಟೆ ಯಾವಾಗಿಂದ ಬಸದಿಗೆ ಹೋಗ್ಲಿಕ್ಕೆ ಸುರು ಮಾಡಿತು?" ಕಾಂತಿ ನಗಲು ಹೋಗಿ ನಿಲ್ಲಿಸಿದಳು. ಮಾಸ್ಟ್ರು ಕೈಯಲ್ಲಿದ್ದ ಪೊಟ್ಟಣವನ್ನು ಮೆಲ್ಲನೆ ಕೆಳಗಿಟ್ಟು, ಶಶಿಯ ಮುಖವನ್ನಲ್ಲ, ಒಂದು ಹುಳವನ್ನೂ ನೋಯಿಸದ ಅವಳ ಎರಡು ಕೈಗಳನ್ನು ನೋಡಿದರು.